ಮಳೆ ಪುಸ್ತಕ, ಚೆಕ್‌ರೋಲ್, ಡೀಸೆಲ್ ಲೆಕ್ಕ: ಒಂದು ಪತ್ತೇದಾರಿ ಕಾದಂಬರಿ ಬರೆದ ನನ್ನ ಅನುಭವ

ಮೊದಲ ಮುದ್ರಣದ 500 ಪ್ರತಿ ಖಾಲಿಯಾಗಿವೆ. ಮೂಡಿಗೆರೆ ಸೀಮೆಯ ಒಂದೇ ಕಾಫಿ ತೋಟದ ಸುತ್ತ ಸುತ್ತುವ, ಪಿಸ್ತೂಲು ಇಲ್ಲದ, ಕಾರು ಬೆನ್ನಟ್ಟುವುದೂ ಇಲ್ಲದ ಪತ್ತೇದಾರಿ ಕಾದಂಬರಿ ಇದು. ಹಸ್ತಪ್ರತಿ ನೋಡಿ ತಲೆ ಅಲ್ಲಾಡಿಸಿದವರೇ ಈಗ ಫೋನ್ ಮಾಡಿ ಹೇಗೆ ಬರೆದ್ರಿ ಅಂತ ಕೇಳುತ್ತಿದ್ದಾರೆ. ಹಾಗಾಗಿ ಬರೆದೇ ಹೇಳೋಣ ಅನ್ನಿಸಿತು. ಸುಳಿವು ಎಲ್ಲಿ ಇಡಬೇಕು, ಓದುಗರ ದಾರಿ ಹೇಗೆ ತಪ್ಪಿಸಬೇಕು ಅನ್ನೋದೆಲ್ಲ ನಿಮಗೆ ಗೊತ್ತಿರುವುದೇ. ಅದನ್ನು ಬಿಡುತ್ತೇನೆ.

ಕಥೆ ಸರಳ. ವಿಮಾ ಕ್ಲೈಮ್ ತನಿಖೆ ಮಾಡುವ ಒಬ್ಬ, ಪಿಯುಸಿ ಮುಗಿಸಿ ಊರು ಬಿಟ್ಟವನು, ಪಕ್ಕದ ತೋಟದ ಯಜಮಾನರ ತಿಥಿಗೆ ಊರಿಗೆ ಬರುತ್ತಾನೆ. ಯಜಮಾನರು ತಮ್ಮದೇ ತೋಟದ ಕೆರೆಯಲ್ಲಿ ಬಿದ್ದು ಸತ್ತಿದ್ದಾರೆ. ಕಾಲು ಜಾರಿ ಬಿದ್ದರು ಅಂತ ಊರೇ ಒಪ್ಪಿಕೊಂಡಿದೆ.

ಗೆಳೆಯರ ಬಳಗದಲ್ಲಿ ಇದನ್ನು ಓದಿದಾಗ ಬಂದ ಆಕ್ಷೇಪ ಒಂದೇ. ಸಣ್ಣ ಊರಲ್ಲಿ ಎಲ್ಲರಿಗೂ ಎಲ್ಲ ಗೊತ್ತಿರುತ್ತೆ, ರಹಸ್ಯ ಎಲ್ಲಿಂದ ಬರುತ್ತೆ? ಒಬ್ಬ ಪ್ರಕಾಶಕರಂತೂ ಕೊಲೆಯನ್ನು ಬೆಂಗಳೂರಿಗೆ ಸಾಗಿಸಿ, ಆಮೇಲೆ ನೋಡೋಣ ಅಂದರು. ಗೆಳೆಯರ ಮಾತಿನ ಮೊದಲರ್ಧ ನಿಜ. ನಮ್ಮ ಕಡೆ ಯಾರ ಜೀಪು ಯಾವ ಗೇಟಿನ ಮುಂದೆ ಎಷ್ಟು ಹೊತ್ತು ನಿಂತಿತ್ತು ಅಂತ ಸಂಜೆಯೊಳಗೆ ಹೋಟೆಲ್‌ಗೆ ಸುದ್ದಿ ಬಂದಿರುತ್ತದೆ. ಆದರೆ ಗೊತ್ತಿರುವುದು ಬೇರೆ, ಹೇಳುವುದು ಬೇರೆ ಅಲ್ವಾ? ಊರಿಗೆ ವಾಪಸ್ ಬಂದ ಮಗನಿಗೆ ಯಾರೂ ಸುಳ್ಳು ಹೇಳುವುದಿಲ್ಲ. ಊಟ ಹಾಕುತ್ತಾರೆ, ಅಪ್ಪನ ಕಾಲದ ಮಾತು ತೆಗೆಯುತ್ತಾರೆ, ಕಾಫಿ ರೇಟು ಕೇಳುತ್ತಾರೆ. ಅವನಿಗೆ ಬೇಕಾದ ಒಂದು ಮಾತು ಮಾತ್ರ ಹೊರಗೆ ಬರುವುದಿಲ್ಲ. ಯಾಕೆಂದರೆ ಅವನು ಇಂಥವರ ಮಗ, ಇಂಥವರ ಅಳಿಯನ ಭಾವ. ಅವನಿಗೆ ಹೇಳಿದರೆ ಯಾರ್ಯಾರ ಮನೆಗೆ ಮುಟ್ಟುತ್ತೆ ಅನ್ನೋ ಲೆಕ್ಕ ಎಲ್ಲರ ತಲೆಯಲ್ಲೂ ಇರುತ್ತದೆ. ನನ್ನ ಕಾದಂಬರಿಯ ರಹಸ್ಯ ಇರುವುದು ಇಲ್ಲಿ.

ಇದನ್ನು ಕಾಗದಕ್ಕೆ ಇಳಿಸುವುದೇ ಕಷ್ಟವಾಯಿತು. ಮೊದಲ ಕರಡಿನಲ್ಲಿ ನಾಯಕ ರಜೆಯ ಮೇಲೆ ಬಂದ ಸಿಸಿಬಿ ಇನ್ಸ್‌ಪೆಕ್ಟರ್. ಬೇರೆ ಠಾಣೆಯ ಸರಹದ್ದಿನಲ್ಲಿ ಅವನು ಪ್ರಶ್ನೆ ಕೇಳುವಂತಿಲ್ಲ. ಕೇಳಿದರೆ ಊರಿನವರು ಪೊಲೀಸ್ ಅಂತ ಬಾಯಿ ಮುಚ್ಚುತ್ತಾರೆ. ಹತ್ತನೇ ಅಧ್ಯಾಯದ ಹೊತ್ತಿಗೆ ಕಥೆ ಕೆಸರಲ್ಲಿ ಹೂತ ಟ್ರ್ಯಾಕ್ಟರಿನ ಹಾಗೆ ನಿಂತುಬಿಟ್ಟಿತು. ಎರಡನೇ ಕರಡಿನಲ್ಲಿ ಅವನನ್ನು ನಿವೃತ್ತ ಮಾಡಿದೆ. ಬರೀ ಮಾತು, ಮಾತು, ಮಾತು. ಎಲ್ಲರೂ ಕೂತು ತಪ್ಪೊಪ್ಪಿಗೆ ಕೊಡುವ ಪುಸ್ತಕ ಅದು. ಸುಮಾರು 200 ಪುಟ ಹಾಗೇ ಕಪಾಟಿನಲ್ಲಿದೆ.

ಬಾಗಿಲು ತೆರೆದದ್ದು ವಿಮೆ. 1938ರ ವಿಮಾ ಕಾಯ್ದೆಯ 45ನೇ ಸೆಕ್ಷನ್ ಪ್ರಕಾರ ಜೀವ ವಿಮೆ ಪಾಲಿಸಿಗೆ ಮೂರು ವರ್ಷ ತುಂಬಿದ ಮೇಲೆ ಕಂಪನಿ ಅದನ್ನು ಪ್ರಶ್ನೆ ಮಾಡುವ ಹಾಗಿಲ್ಲ. ಮೂರು ವರ್ಷದೊಳಗೆ ಸಾವಾದರೆ ಕಂಪನಿ ಬಿಗಿಯಾಗಿ ವಿಚಾರಿಸುತ್ತದೆ. ನನ್ನ ಯಜಮಾನರ ಪಾಲಿಸಿಗೆ ಮೂರು ತುಂಬಲು ಕೆಲವೇ ತಿಂಗಳು ಬಾಕಿ. ಆಫೀಸಿನವರು "ನಿಮ್ಮೂರೇ ಅಲ್ವಾ, ನೀವೇ ನೋಡಿ" ಅಂತ ಫೈಲು ಕೊಡುತ್ತಾರೆ. ಅವನಿಗೆ ಯಾರನ್ನೂ ಬಂಧಿಸುವ ಅಧಿಕಾರ ಇಲ್ಲ. ಆದರೆ ಕಾಗದ ಕೇಳುವ ಕೆಲಸ ಇದೆ. ಪಹಣಿ, ಆಸ್ಪತ್ರೆ ಚೀಟಿ, ತೋಟದ ಲೆಕ್ಕ. ನನಗೆ ಬೇಕಾಗಿದ್ದೂ ಅಷ್ಟೇ.

ಇಲ್ಲಿಂದ ನನ್ನ ವಿಧಾನ ಶುರು. ಪ್ಲಾಟ್ ಮೊದಲು ಹೆಣೆಯಲಿಲ್ಲ. ಪರಿಚಯದ ತೋಟದವರ ಹತ್ತಿರ ಹಳೇ ಲೆಕ್ಕದ ಪುಸ್ತಕಗಳನ್ನು ಕೇಳಿ ತಂದೆ. ಮಳೆ ಪುಸ್ತಕ, ಚೆಕ್‌ರೋಲ್ ಅಂದರೆ ಆಳುಗಳ ಹಾಜರಿ ಪುಸ್ತಕ, ಡೀಸೆಲ್ ಪುಸ್ತಕ. ಮೂರೂ ಒಂದೇ ವರ್ಷದವು ಆಗಿರಬೇಕು. ಗೋಡೆಗೆ ದೊಡ್ಡ ಕ್ಯಾಲೆಂಡರ್ ಅಂಟಿಸಿ, ಪ್ರತಿ ದಿನದ ಮನೆಯಲ್ಲಿ ಮಳೆ ಎಷ್ಟು, ಆಳು ಎಷ್ಟು, ಡೀಸೆಲ್ ಎಷ್ಟು ಅಂತ ಬರೆದೆ. ಮೂರು ಲೆಕ್ಕ ಒಂದಕ್ಕೊಂದು ತಾಳೆಯಾಗದ ದಿನ ಸಿಕ್ಕರೆ ಕಥೆ ಅಲ್ಲಿದೆ ಅಂತ ಅರ್ಥ. ನಿಜವಾದ ಪುಸ್ತಕದಲ್ಲಿ ತಾಳೆಯಾಗದಿರಲು ಸಾವಿರ ಸಾಮಾನ್ಯ ಕಾರಣ ಇರುತ್ತವೆ. ಕಾದಂಬರಿಗೆ ಅಲ್ಲೊಂದು ಹೆಣ ಇಟ್ಟರೆ ಆಯಿತು.

ಮಳೆ ಪುಸ್ತಕದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಮ್ಮ ಕಡೆ ಬೆಳಿಗ್ಗೆ ಮಳೆ ಅಳೆದು ಇಂಚು-ಸೆಂಟ್ ಲೆಕ್ಕದಲ್ಲಿ ಬರೆಯುತ್ತಾರೆ. 100 ಸೆಂಟ್ ಅಂದರೆ ಒಂದು ಇಂಚು. ಬೆಳಿಗ್ಗೆ ಅಳೆದದ್ದು ಹಿಂದಿನ ದಿನದ ಮಳೆ. ಕೆಲವರು ಅಳೆದ ದಿನಕ್ಕೆ ಬರೆಯುತ್ತಾರೆ, ಕೆಲವರು ಸುರಿದ ದಿನಕ್ಕೆ. ಅಕ್ಕಪಕ್ಕದ ಎರಡು ತೋಟದ ಪುಸ್ತಕ ಇಟ್ಟುಕೊಂಡರೆ ಒಂದೇ ಮಳೆ ಎರಡು ತಾರೀಕಿಗೆ ಬಿದ್ದಿರುತ್ತದೆ. ನಾನು ನೋಡಿದ ಒಂದು ಪುಸ್ತಕದಲ್ಲಿ ಅಜ್ಜನ ಅಕ್ಷರ ಇರುವವರೆಗೆ ಸುರಿದ ದಿನ, ಮೊಮ್ಮಗ ಬರೆಯಲು ಶುರು ಮಾಡಿದ ಮೇಲೆ ಅಳೆದ ದಿನ. ಅಕ್ಷರ ಬದಲಾದ ಪುಟದಲ್ಲೇ ತಾರೀಕೂ ಒಂದು ದಿನ ಸರಿದಿದೆ. ಅಂಚಿನಲ್ಲಿ ಪೆನ್ಸಿಲಿನಲ್ಲಿ "ಆರಿದ್ರಾ ಹುಟ್ಟಿತು", "ಕರೆಂಟು ಇಲ್ಲ", "ಕೆಂಚಿ ಕರು ಹಾಕಿತು" ಅಂತೆಲ್ಲ ಇತ್ತು. ಒಬ್ಬನ ಸಾಕ್ಷ್ಯ ಬಿದ್ದುಹೋಗಲು ಈ ಒಂದು ದಿನದ ವ್ಯತ್ಯಾಸ ಸಾಕಾಯಿತು. ಅದನ್ನು ಯಾವ ಅಧ್ಯಾಯದಲ್ಲಿ ಹೇಗೆ ಬಳಸಿದೆ ಅಂತ ಹೇಳುವುದಿಲ್ಲ. ಪುಸ್ತಕ ಓದಿ.

ಇನ್ನೊಂದು ಸುಳಿವನ್ನು ಬಿಟ್ಟುಕೊಡಬಲ್ಲೆ, ಅದು ಏಳನೇ ಅಧ್ಯಾಯದಲ್ಲೇ ಬಯಲಾಗುತ್ತದೆ. ಕಾಫಿ ಮೊಗ್ಗಿಗೆ ಸುಮಾರು ಒಂದು ಇಂಚು ನೀರು ಬಿದ್ದರೆ ಎಂಟು ಹತ್ತು ದಿನಕ್ಕೆ ಹೂವಾಗುತ್ತದೆ. ಎರಡು ಮೂರು ದಿನ ಬೆಳ್ಳಗೆ ನಿಂತು ಕಂದಿಹೋಗುತ್ತದೆ. ತೋಟದವರಿಗೆ ಇದು ಉಸಿರಾಡಿದಷ್ಟು ಸಹಜ, ಯಾರೂ ಯೋಚಿಸುವುದಿಲ್ಲ. ಫೆಬ್ರವರಿಯಲ್ಲಿ ಹೂಮಳೆ ಇನ್ನೂ ಬಂದಿಲ್ಲ. ಮಳೆ ಪುಸ್ತಕದಲ್ಲಿ ಎರಡು ವಾರ ಸೊನ್ನೆ. ಪಂಪಿನ ಫುಟ್‌ವಾಲ್ವ್ ರಿಪೇರಿಗೆ ಹೋಗಿದೆ, ಹಾಗಾಗಿ ಪಂಪು ಓಡಿಲ್ಲ, ಆ ವಾರ ಕೆರೆ ಹತ್ತಿರ ಯಾರೂ ಹೋಗಿಲ್ಲ ಅಂತ ಎಲ್ಲರ ಹೇಳಿಕೆ. ಹನ್ನೊಂದನೇ ದಿನದ ತಿಥಿಗೆ ಹಿಂದಿನ ಸಂಜೆ ನಮ್ಮ ನಾಯಕ ಬಂದು ಇಳಿಯುತ್ತಾನೆ. ಕೆರೆ ಪಕ್ಕದ ರೊಬಸ್ಟಾದಲ್ಲಿ ಒಂದು ಜೆಟ್ (ಸುತ್ತ ತಿರುಗಿ ನೀರು ಚಿಮ್ಮುವ ಸ್ಪ್ರಿಂಕ್ಲರ್) ತಿರುಗುವಷ್ಟು ಅಗಲಕ್ಕೆ, ದುಂಡಗೆ, ಹೂ ಬಂದಿದೆ. ಸುತ್ತ ಎಲ್ಲ ಬರೀ ಮೊಗ್ಗು.

ತಿಥಿಗೆ ಬಂದ ನೂರಾರು ಜನ ಆ ಹೂ ನೋಡಿದ್ದಾರೆ. ಒಬ್ಬರೂ ಬಾಯಿ ಬಿಟ್ಟಿಲ್ಲ.

ಇದನ್ನು ಸುಮ್ನೆ ಊಹಿಸಿ ಬರೆಯಲು ಮನಸ್ಸು ಒಪ್ಪಲಿಲ್ಲ. ಆಲ್ದೂರು ಕಡೆಯ ಒಬ್ಬ ಗೆಳೆಯನನ್ನು ಕಾಡಿ, ಅವನ ರೊಬಸ್ಟಾದಲ್ಲಿ ಒಂದೇ ಜಾಗದಲ್ಲಿ ಜೆಟ್ ಇಡಿಸಿದೆ. ಮೂರು ನಾಲ್ಕು ಗಂಟೆ ಪಂಪು ಓಡಿತು. ಡೀಸೆಲ್ ದುಡ್ಡು ನಾನೇ ಕೊಟ್ಟೆ. ಒಂಬತ್ತನೇ ದಿನದ ಸುಮಾರಿಗೆ ಹೂ ಬಂತು. ಆದರೆ ನಾನು ಅಂದುಕೊಂಡ ಹಾಗೆ ಕೈವಾರ ಹಿಡಿದು ಎಳೆದ ವೃತ್ತ ಬರಲಿಲ್ಲ. ಸಿಲ್ವರ್ ಓಕ್ ಮರದ ಮರೆಯಲ್ಲಿ ಒಂದು ತುಂಡು ಖಾಲಿ. ಅಂಚಿನಲ್ಲಿ ನೀರು ಸಾಲದೆ ಮೊಗ್ಗು ಉಬ್ಬಿ ಅಲ್ಲೇ ನಿಂತಿತ್ತು, ಪೂರ್ತಿ ಬಿಚ್ಚಲಿಲ್ಲ. ಆ ಖಾಲಿ ತುಂಡೇ ನನಗೆ ಚಿನ್ನವಾಯಿತು. ಜೆಟ್ ಎಲ್ಲಿ ನಿಂತಿತ್ತು ಅಂತ ಮರದ ಮರೆಯಿಂದ ಲೆಕ್ಕ ಹಾಕಬಹುದು. ಅಲ್ಲಿ ನಿಂತವನಿಗೆ ಕೆರೆಯ ಮೆಟ್ಟಿಲು ಕಾಣುತ್ತಿತ್ತೋ ಇಲ್ಲವೋ ಅನ್ನೋದೂ ಗೊತ್ತಾಗುತ್ತದೆ. ಮನೆಯಲ್ಲಿ ಕೂತು ಇದನ್ನು ಕಲ್ಪಿಸಿಕೊಳ್ಳಲು ಆಗುತ್ತಿತ್ತಾ?

ಮಾತಿನ ವಿಷಯಕ್ಕೆ ಬರುತ್ತೇನೆ. "ಆ ರಾತ್ರಿ ಎಲ್ಲಿದ್ರಿ?" ಅನ್ನುವ ಪ್ರಶ್ನೆಯನ್ನು ಇಡೀ ಪುಸ್ತಕದಿಂದ ತೆಗೆದುಹಾಕಿದೆ. ಊರಿನ ಹುಡುಗ ತೋಟದ ಲೆಕ್ಕ ಬರೆಯುವ, ಅಪ್ಪನ ವಯಸ್ಸಿನ ರೈಟರಿಗೆ ಹಾಗೆ ಕೇಳುವುದಿಲ್ಲ. ಅವನು ಕೇಳುವುದು ಕೆಲಸದ ಪ್ರಶ್ನೆ. ಪುಸ್ತಕದಲ್ಲಿ ಹೀಗಿದೆ:

"ಜೆಟ್ ಈ ಸಲ ಯಾವ ಕಡೆಯಿಂದ ಶುರು ಮಾಡಿದ್ರಿ ರೈಟ್ರೇ?"

"ಎಲ್ಲಿ ಶುರು ಸಣ್ಣ ಗೌಡ್ರೇ. ಫುಟ್‌ವಾಲ್ವ್ ಮೂಡಿಗೆರೇಲಿ ರಿಪೇರಿಗೆ ಬಿದ್ದಿದೆ."

"ಕೆರೆ ಪಕ್ಕ ಹೂ ಬಂದಿದೆಯಲ್ಲ?"

"ಕಾಫಿ ಕುಡೀರಿ. ಆರಿ ಹೋಗುತ್ತೆ."

ಇಷ್ಟೇ. ಈ ನಾಲ್ಕು ಸಾಲಿನ ಜಾಗದಲ್ಲಿ ಮೊದಲು ಆರು ಪುಟದ ವಿಚಾರಣೆ ಇತ್ತು. ಓದಿದವರು ಎಲ್ಲಕ್ಕಿಂತ ಹೆಚ್ಚು ನೆನಪಿಟ್ಟುಕೊಂಡಿರುವುದು ಈ ಕಾಫಿ ಮಾತನ್ನೇ.

ಕಾನೂನಿನ ಒಂದು ವಿಷಯ, ಈಗ ಬರೆಯುತ್ತಿರುವವರು ಗಮನಿಸಿ. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಕೊಲೆಗೆ 302 ಅಲ್ಲ, 103. ಅಸಹಜ ಸಾವಿನ ವರದಿಗೆ (ಯುಡಿಆರ್) ಹಳೇ ಸಿಆರ್‌ಪಿಸಿ 174ರ ಬದಲು ಹೊಸ ನಾಗರಿಕ ಸುರಕ್ಷಾ ಸಂಹಿತೆಯ 194. ನಾನು ಕಥೆಯನ್ನು 2023ರ ಫೆಬ್ರವರಿಯಲ್ಲಿ ಇಟ್ಟೆ. ಓದುಗರ ಕಿವಿಗೆ "ತ್ರೀ ನಾಟ್ ಟೂ" ಇನ್ನೂ ಗಟ್ಟಿಯಾಗಿ ಕೇಳುತ್ತದೆ ಅನ್ನುವುದೂ ಒಂದು ಕಾರಣ.

ಒಂದು ಮಳೆಗಾಲ ಪೂರ್ತಿ ಇಂಬಳದ (ನೆಲದ ಮೇಲಿನ ಜಿಗಣೆ) ಹಿಂದೆ ಬಿದ್ದಿದ್ದೆ, ಅದನ್ನೂ ಹೇಳಿಬಿಡುತ್ತೇನೆ. ಇಂಬಳ ಕಚ್ಚಿದರೆ ಅದರ ಜೊಲ್ಲು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ. ಹುಳ ಬಿದ್ದುಹೋದ ಮೇಲೂ ರಕ್ತ ಸೋರುತ್ತಲೇ ಇರುತ್ತದೆ. ಬಿಳಿ ಪಂಚೆ ಉಟ್ಟು ಏಲಕ್ಕಿ ಮಲೆಯಲ್ಲಿ ಓಡಾಡಿ ನೋಡಿದೆ. ಉಪ್ಪೂ ಹಚ್ಚಲಿಲ್ಲ, ನಶ್ಯವೂ ಹಚ್ಚಲಿಲ್ಲ. ಗಂಟೆಗಟ್ಟಲೆ ಸೋರಿ, ಪಂಚೆಯ ಅಂಚು ನೋಡಿದರೆ ಕೊಲೆಯೇ ಆಗಿದೆ ಅನ್ನುವ ಹಾಗಿತ್ತು. ರಕ್ತದ ಕಲೆ ಇರುವ ಪಂಚೆ ಸಿಕ್ಕರೆ ಪಟ್ಟಣದ ಪೊಲೀಸ್ ಒಂದು ಅರ್ಥ ಮಾಡುತ್ತಾನೆ, ಮಲೆನಾಡಿನವನು ಬೇರೆ. ಒಳ್ಳೇ ಸುಳಿವು. ಆದರೆ ಫೆಬ್ರವರಿಯ ಒಣ ನೆಲದಲ್ಲಿ ಇಂಬಳ ಎಲ್ಲಿಂದ ಬರಬೇಕು? ಈ ಪುಸ್ತಕಕ್ಕೆ ಆಗಲಿಲ್ಲ. ಕಲೆ ಹಳತಾದ ಹಾಗೆ ಬಣ್ಣ ಹೇಗೆ ತಿರುಗುತ್ತದೆ ಅಂತ ಫೋಟೋ ತೆಗೆದು ಇಟ್ಟಿದ್ದೇನೆ.

ಈಗ ದುಡ್ಡು. ನನ್ನ ಹಿಂದಿನ ಪುಸ್ತಕ ಬೆಂಗಳೂರಿನ ಒಬ್ಬ ವಿತರಕರ ಕೈಗೆ ಹೋಗಿತ್ತು. ಸುಮಾರು 300 ಪ್ರತಿ ತೆಗೆದುಕೊಂಡರು. ಲೆಕ್ಕವೂ ಬರಲಿಲ್ಲ, ಪುಸ್ತಕವೂ ವಾಪಸ್ ಬರಲಿಲ್ಲ. ಹಾಗಾಗಿ ಈ ಸಲ ಎಲ್ಲ ನಾನೇ ಮಾಡಿದೆ. ಡೆಮಿ ಅಷ್ಟದಳ, 240 ಪುಟದ ಆಸುಪಾಸು, 500 ಪ್ರತಿ. ಮುದ್ರಣ, ಡಿಟಿಪಿ, ಮುಖಪುಟ, ಕರಡು ತಿದ್ದುವವರ ಸಂಬಳ ಎಲ್ಲ ಸೇರಿ 80 ಸಾವಿರದ ಹತ್ತಿರ ಹೋಯಿತು. ಕರಡು ತಿದ್ದುವುದಕ್ಕೆ ದುಡ್ಡು ಉಳಿಸಬೇಡಿ. ನುಡಿ ತಂತ್ರಾಂಶದಿಂದ ಯೂನಿಕೋಡಿಗೆ ಹೋಗಿ ಬರುವಾಗ ಅರ್ಕಾವತ್ತು, ಒತ್ತಕ್ಷರ ಎಲ್ಲೆಲ್ಲೋ ಹಾರಿರುತ್ತವೆ. ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಮಾಡಿಸಿಕೊಡುತ್ತೇನೆ ಅಂತ ಒಬ್ಬರು ಎರಡು ಮೂರು ಸಾವಿರ ಕೇಳಿದರು. ಅದು ನಮ್ಮ ದೇಶದಲ್ಲಿ ಉಚಿತ. ರಾಜಾ ರಾಮಮೋಹನ ರಾಯ್ ಏಜೆನ್ಸಿಗೆ ನೀವೇ ಅರ್ಜಿ ಹಾಕಬಹುದು.

ಬೆಲೆ 280 ಇಟ್ಟೆ. ಅಂಗಡಿಯವರಿಗೆ 35 ಪರ್ಸೆಂಟ್ ಬಿಡಬೇಕು. ಆದರೆ ಪುಸ್ತಕದಂಗಡಿಯಲ್ಲಿ ಹೋದದ್ದಕ್ಕಿಂತ ಜಾಸ್ತಿ ಹೋದದ್ದು ಗೊಬ್ಬರದ ಅಂಗಡಿ, ಪಂಪ್ ಸ್ಪೇರ್ ಪಾರ್ಟ್ಸ್ ಅಂಗಡಿಗಳ ಕೌಂಟರಿನಲ್ಲಿ. ಮೂಡಿಗೆರೆ, ಬಣಕಲ್, ಕಳಸ, ಬಾಳೆಹೊನ್ನೂರು. ಮುಖಪುಟದಲ್ಲಿ ಜೆಟ್ ಚಿತ್ರ ಇದೆ. ತೋಟದವರು ಇದೇನು ಅಂತ ಎತ್ತಿಕೊಂಡು ನೋಡಿದರೆ ಪುಸ್ತಕ ಅರ್ಧ ಮಾರಾಟವಾದ ಹಾಗೆ. ಗೊಬ್ಬರದಂಗಡಿಯಲ್ಲಿ ಕಾದಂಬರಿ ಯಾರು ಕೊಳ್ಳುತ್ತಾರೆ ಅಂತ ನಕ್ಕಿದ್ದ ಗೆಳೆಯರೇ ತಮ್ಮ ಪುಸ್ತಕ ಅಲ್ಲಿ ಇಡಿಸಿಕೊಡಿ ಅಂತ ಈಗ ಕೇಳುತ್ತಿದ್ದಾರೆ. ಇಡಿಸಿ ಕೊಟ್ಟಿದ್ದೇನೆ ಕೂಡ. ಅಂಗಡಿಯವರ ಹತ್ತಿರ ದುಡ್ಡು ಯಾವ ತಿಂಗಳಲ್ಲಿ ಕೇಳಬೇಕು ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ.

ಅರ್ಧದಷ್ಟು ಪ್ರತಿ ನೇರವಾಗಿ ಫೋನಿನಲ್ಲಿ ಕೇಳಿದವರಿಗೆ ಹೋದವು. ಅಂಚೆ ಖರ್ಚು ನಾನೇ ಹಾಕಿಕೊಂಡೆ. ಗೌರವ ಪ್ರತಿ, ಒದ್ದೆಯಾಗಿ ಹಾಳಾದವು ಎಲ್ಲ ಕಳೆದು ಕೈಗೆ ಉಳಿದದ್ದು 20 ಸಾವಿರದಷ್ಟು. ದೊಡ್ಡ ಮೊತ್ತ ಅಲ್ಲ, ಆದರೆ ಕೈಯಿಂದ ಹೋಗಲಿಲ್ಲ. ಸ್ವಂತ ದುಡ್ಡಲ್ಲಿ ಪುಸ್ತಕ ಮಾಡಿದವರಿಗೆ ಇದರ ಬೆಲೆ ಗೊತ್ತು.

ನನಗೆ ತುಂಬಾ ಖುಷಿ ಕೊಟ್ಟದ್ದು ಕಳಸ ಕಡೆಯ ಹಿರಿಯರೊಬ್ಬರ ಫೋನು. ಚೆಕ್‌ರೋಲ್ ಇರುವ ಅಧ್ಯಾಯ ಓದಿ, ಕೊಲೆಗಾರ ಯಾರು ಅಂತ ಅಲ್ಲೇ ಹಿಡಿದಿದ್ದರು. ಅರ್ಧ ದಿನ, ಕಾಲು ದಿನದ ಕೆಲಸವನ್ನು ಅರ್ಧ ಆಳು, ಕಾಲು ಆಳು ಅಂತ ಬರೆದ ರೀತಿ ನೋಡಿಯೇ ಸಿಕ್ಕಿತು ಅಂದರು. ಪಟ್ಟಣದ ಓದುಗರು ಯಾರೂ ಅಲ್ಲಿ ಹಿಡಿದಿಲ್ಲ, ಕೊನೆಯವರೆಗೂ ಹೋಗಿದ್ದಾರೆ. ಅಂದರೆ ಒಂದೇ ಪುಸ್ತಕ ಇಬ್ಬರಿಗೂ ಕೆಲಸ ಮಾಡಿದೆ. ಕೊಲೆಗಾರನ ಹೆಸರು ಮೊದಲ ಅಧ್ಯಾಯದಲ್ಲೇ ಇದೆ ಅನ್ನುವುದನ್ನು ಅವರೂ ಗಮನಿಸಿರಲಿಲ್ಲ. ಅದನ್ನು ಹೇಗೆ ಮರೆಮಾಡಿದೆ ಅಂತ ಕೇಳಿದರು. ಹೇಳಲಿಲ್ಲ.

ಎರಡನೇ ಮುದ್ರಣಕ್ಕೆ 300 ಪ್ರತಿ ಕೊಟ್ಟಿದ್ದೇನೆ. ಕಾಗದದ ಬೆಲೆ ಏರಿದ್ದರಿಂದ ಪುಸ್ತಕದ ಬೆಲೆ 300 ರೂಪಾಯಿ ಆಗುತ್ತದೆ. ಮುಂದಿನದು ಜುಲೈ ತಿಂಗಳ ಕಥೆ, ಪುನರ್ವಸು ಮಳೆಯಲ್ಲಿ ಶುರುವಾಗುತ್ತದೆ. ಆ ತಿಂಗಳ ಚೆಕ್‌ರೋಲ್ ಮತ್ತು ಮಳೆ ಪುಸ್ತಕ ಎರಡೂ ಇರುವ ಹಳೇ ತೋಟದವರು ಯಾರಾದರೂ ಇದ್ದರೆ ತಿಳಿಸಿ, ನೋಡಿ ಹಾಗೇ ವಾಪಸ್ ತಂದುಕೊಡುತ್ತೇನೆ.