ಕಡಿಮೆ ಖರ್ಚಿನಲ್ಲಿ ಬೈಕಿಗೆ ನಾವೇ ಮಾಡಿಕೊಳ್ಳಬಹುದಾದ ಮಾರ್ಪಾಡುಗಳು

ಬೆಂಗಳೂರಿನಲ್ಲಿ ದಿನವೂ ಬೈಕ್ ಓಡಿಸುವವರಿಗೆ ಬೇಕಾಗಿರುವುದು ಊರಿಗೆಲ್ಲ ಕೇಳಿಸುವ ಸೈಲೆನ್ಸರ್ ಅಲ್ಲ. ಸಿಲ್ಕ್ ಬೋರ್ಡ್ ಬಳಿ ಹಾಫ್ ಕ್ಲಚ್‌ನಲ್ಲಿ ತೆವಳುವಾಗ ಮಣಿಕಟ್ಟು ನೋಯಬಾರದು, ಮಳೆಯಲ್ಲಿ ಕೆಸರು ಎಂಜಿನ್ ಮೇಲೆ ಹಾರಬಾರದು, ದಾರಿ ತೋರಿಸುವ ಫೋನ್ ನಡುವೆ ಆರಿಹೋಗಬಾರದು. ಈ ಮೂರಕ್ಕೂ ಗ್ಯಾರೇಜಿನ ಅಗತ್ಯವಿಲ್ಲ. ಒಂದು ರಜೆಯ ಬೆಳಗ್ಗೆ, ಸ್ಪ್ಯಾನರ್ ಸೆಟ್ ಮತ್ತು ತಾಳ್ಮೆ ಇದ್ದರೆ ಸಾಕು. ಒಂದು ನಿಯಮವನ್ನು ಮಾತ್ರ ಮೊದಲೇ ಹಾಕಿಕೊಳ್ಳಬೇಕು: ಕಂಪನಿ ಕೊಟ್ಟ ವೈರನ್ನು ಕತ್ತರಿಸಬಾರದು, ಚಾಸಿಗೆ ತೂತು ಕೊರೆಯಬಾರದು, ಮಾಡಿದ ಯಾವುದನ್ನೇ ಆದರೂ ನಾಳೆ ಬಿಚ್ಚಿ ಮೊದಲಿನಂತೆ ಮಾಡಲು ಬರುವಂತಿರಬೇಕು.

ಇದು ಬೈಕಿನ ಒಳಿತಿಗಷ್ಟೇ ಅಲ್ಲ, ಕಾನೂನಿನ ದೃಷ್ಟಿಯಿಂದಲೂ ಅಗತ್ಯ. ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಂ ಪ್ರಕಾರ ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ತಿದ್ದುಪಡಿಯಿಂದ ಸೇರಿದ 182ಎ ಕಲಂ, ಅನುಮತಿಯಿಲ್ಲದ ಇಂತಹ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಡುತ್ತದೆ. ಆದ್ದರಿಂದ ಸೈಲೆನ್ಸರ್, ಚಾಸಿ, ನಂಬರ್ ಪ್ಲೇಟ್‌ಗಳ ತಂಟೆಗೆ ಹೋಗುವುದು ಬೇಡ. ಹಿಂದಿನ ಚಕ್ರದ ಸೀರೆ ಗಾರ್ಡನ್ನು ಅಂದಕ್ಕಾಗಿ ಬಿಚ್ಚಿಸುವವರೂ ಇದ್ದಾರೆ; ಹಿಂಬದಿ ಸವಾರರ ಸುರಕ್ಷತೆಗಾಗಿ ನಿಯಮವೇ ಕಡ್ಡಾಯಗೊಳಿಸಿರುವ ಭಾಗ ಅದು, ದಯವಿಟ್ಟು ಹಾಗೆಯೇ ಬಿಡಿ.

ಒಂದು ಪೈಸೆಯೂ ಬೇಡದ ಕೆಲಸದಿಂದ ಆರಂಭಿಸೋಣ. ಬೈಕಿನ ಮೇಲೆ ಎಂದಿನಂತೆ ಕುಳಿತು, ಕ್ಲಚ್ ಲಿವರ್ ಮೇಲೆ ಬೆರಳಿಟ್ಟು ನೋಡಿ. ಮೊಣಕೈಯಿಂದ ಬೆರಳ ತುದಿಯವರೆಗೆ ಕೈ ಒಂದೇ ಗೆರೆಯಲ್ಲಿರಬೇಕು. ಮಣಿಕಟ್ಟು ಮೇಲಕ್ಕೆ ಮಡಚಿಕೊಂಡಿದ್ದರೆ ಲಿವರ್ ಎತ್ತರದಲ್ಲಿದೆ ಎಂದರ್ಥ. ಹ್ಯಾಂಡಲ್‌ಗೆ ಲಿವರನ್ನು ಹಿಡಿದಿಟ್ಟಿರುವ ಕ್ಲ್ಯಾಂಪಿನ ಬೋಲ್ಟನ್ನು ಸ್ವಲ್ಪ ಸಡಿಲಿಸಿ, ಲಿವರನ್ನು ಕೆಳಕ್ಕೆ ತಿರುಗಿಸಿ, ಮತ್ತೆ ಬಿಗಿ ಮಾಡಿ. ಕೈಯಿಂದ ಅದುಮಿದಾಗ ಜಾರಬಾರದು, ಆದರೆ ಬೈಕ್ ಬಿದ್ದರೆ ಲಿವರ್ ಮುರಿಯುವ ಬದಲು ತಿರುಗಿಕೊಳ್ಳುವಂತಿರಬೇಕು. ಬಿಗಿ ಅಷ್ಟು ಸಾಕು. ಕ್ಲಚ್ ಕೇಬಲ್‌ನ ಸಡಿಲವನ್ನೂ ಬೈಕಿನ ಕೈಪಿಡಿಯಲ್ಲಿ ಹೇಳಿದಷ್ಟಕ್ಕೆ ಸರಿಪಡಿಸಿಕೊಳ್ಳಿ. ಮುಂಬ್ರೇಕಿನ ಲಿವರಿಗೂ ಇದೇ ಕ್ರಮ ಸಲ್ಲುತ್ತದೆ, ಆದರೆ ಡಿಸ್ಕ್ ಬ್ರೇಕಿನ ಆಯಿಲ್ ಡಬ್ಬಿಯ ಮುಚ್ಚಳ ತೆಗೆಯಬೇಡಿ. ಹಣ ಕೊಟ್ಟು ತರುವ ಯಾವ ಸಾಮಾನೂ ಇಷ್ಟು ಸುಖ ಕೊಡುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಎರಡನೆಯದು ಮುಂದಿನ ಮಡ್‌ಗಾರ್ಡಿನ ಉದ್ದ. ಈಚಿನ ಬೈಕುಗಳಲ್ಲಿ ಅದನ್ನು ಎಷ್ಟು ಗಿಡ್ಡ ಮಾಡಿದ್ದಾರೆಂದರೆ ಮಳೆಗಾಲದ ಕೆಸರೆಲ್ಲ ಎಂಜಿನ್ ಮತ್ತು ಸೈಲೆನ್ಸರ್ ಬೆಂಡಿಗೆ ನೇರವಾಗಿ ಬಡಿಯುತ್ತದೆ. ಪಂಕ್ಚರ್ ಅಂಗಡಿಯಲ್ಲಿ ಲಾರಿಯ ಹಳೆಯ ಟ್ಯೂಬಿನ ತುಂಡು ಕೇಳಿ ಪಡೆಯಿರಿ. ಮೊದಲು ರಟ್ಟಿನಲ್ಲಿ ಅಚ್ಚು ಕತ್ತರಿಸಿ, ಚಕ್ರಕ್ಕೆ ತಾಗದಂತೆ ಹಿಡಿದು ನೋಡಿ, ಆಮೇಲೆ ಅದನ್ನೇ ರಬ್ಬರಿನ ಮೇಲಿಟ್ಟು ಕತ್ತರಿಸಿ. ಫ್ಲ್ಯಾಪಿನ ಕೆಳ ಅಂಚು ನೆಲದಿಂದ ಸುಮಾರು ಒಂದು ಗೇಣು ಮೇಲಿದ್ದರೆ ನಮ್ಮ ಹಂಪುಗಳಿಗೆ ಸಾಕು. ಒಮ್ಮೊಮ್ಮೆ ತಾಗಿದರೂ ರಬ್ಬರ್ ಮಡಚಿಕೊಳ್ಳುತ್ತದೆ, ಗಡುಸಾದ ಪ್ಲಾಸ್ಟಿಕ್ ಆಗಿದ್ದರೆ ಮಡ್‌ಗಾರ್ಡನ್ನೇ ಸೀಳುತ್ತದೆ. ಹಳೆಯ ಫ್ಲ್ಯಾಪಿನ ಸ್ಕ್ರೂ ತೂತುಗಳಿದ್ದರೆ ಅವನ್ನೇ ಬಳಸಿ, ಇಲ್ಲದಿದ್ದರೆ ಪ್ಲಾಸ್ಟಿಕ್ ಮಡ್‌ಗಾರ್ಡಿಗೆ ಎರಡು ಸಣ್ಣ ತೂತು ಮಾಡುವುದು ಅನಿವಾರ್ಯ. ತೂತು ಬೇಡವೆಂಬ ನಿಯಮಕ್ಕೆ ಇದೊಂದೇ ವಿನಾಯಿತಿ. ಎರಡೂ ಕಡೆ ಅಗಲವಾದ ವಾಷರ್ ಹಾಕಿ, ಬೋಲ್ಟಿನ ತುದಿ ಟೈರಿಗೆ ತಾಗದಂತೆ ತಲೆಯ ಭಾಗವನ್ನು ಒಳಗಡೆಗೆ ಬರುವಂತೆ ಕೂರಿಸಿ. ಅದುರಿಗೆ ಬಿಚ್ಚಿಕೊಳ್ಳದ ನೈಲಾಕ್ ನಟ್ ಬಳಸುವುದು ಒಳ್ಳೆಯದು.

ಹೆಚ್ಚು ಗಮನ ಬೇಡುವುದು ಫೋನಿನ ಚಾರ್ಜರ್. ಬ್ಯಾಟರಿಗೆ ನೇರವಾಗಿ ಕೊಟ್ಟುಬಿಟ್ಟರೆ ಬೈಕ್ ನಿಂತಿರುವಾಗಲೂ ಅದು ಸ್ವಲ್ಪ ಸ್ವಲ್ಪ ಕರೆಂಟ್ ಎಳೆಯುತ್ತಲೇ ಇರುತ್ತದೆ, ಊರಿಗೆ ಹೋಗಿ ಬರುವಷ್ಟರಲ್ಲಿ ಸೆಲ್ಫ್ ಎತ್ತದಂತಾಗಬಹುದು. ಆದ್ದರಿಂದ 12 ವೋಲ್ಟಿನ ನಾಲ್ಕು ಕಾಲಿನ ರಿಲೇ, ಅಂದರೆ ಕೀ ಹಾಕಿದಾಗ ಮಾತ್ರ ಚಾರ್ಜರಿಗೆ ಕರೆಂಟ್ ಬಿಡುವ ಸ್ವಿಚ್ ಬೇಕು, ಎಸ್.ಪಿ. ರಸ್ತೆಯಲ್ಲೋ ಜೆ.ಸಿ. ರಸ್ತೆಯಲ್ಲೋ ರಿಲೇ, ಫ್ಯೂಸ್ ಹೋಲ್ಡರ್, ವೈರ್, ಬಿಸಿ ತಾಗಿಸಿದರೆ ಕುಗ್ಗಿ ವೈರಿಗೆ ಬಿಗಿಯಾಗುವ ಹೀಟ್ ಶ್ರಿಂಕ್ ಸ್ಲೀವ್ ಎಲ್ಲವೂ ಸಿಗುತ್ತವೆ. ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿಡಿ. ರಿಲೇಯ ಕಾಲುಗಳ ಮೇಲೆ ಅಂಕಿಗಳಿರುತ್ತವೆ: ಬ್ಯಾಟರಿಯ ಪ್ಲಸ್‌ನಿಂದ ಫ್ಯೂಸ್ ಮೂಲಕ ಬಂದ ವೈರ್ 30ಕ್ಕೆ, 87ರಿಂದ ಚಾರ್ಜರಿನ ಪ್ಲಸ್‌ಗೆ, 85 ಮೈನಸ್‌ಗೆ, 86 ಕೀ ಹಾಕಿದಾಗ ಮಾತ್ರ ಕರೆಂಟ್ ಬರುವ ಯಾವುದಾದರೂ ವೈರಿಗೆ. ಚಾರ್ಜರಿನ ಮೈನಸ್ಸನ್ನು ಬ್ಯಾಟರಿಯ ಮೈನಸ್‌ಗೇ ತನ್ನಿ. ಕೀ ವೈರನ್ನು ಬಣ್ಣ ನೋಡಿ ಊಹಿಸಬೇಡಿ, ಮಲ್ಟಿಮೀಟರ್ ಇಟ್ಟು ಹುಡುಕಿ. ಈ ಪರೀಕ್ಷೆಯ ಹೊತ್ತಿಗಷ್ಟೇ ಮೈನಸ್ ಜೋಡಿಸಿ, ಮುಗಿದೊಡನೆ ಮತ್ತೆ ಬಿಚ್ಚಿ. ಆ ವೈರಿನಿಂದ ಕವಲು ತೆಗೆಯುವಾಗಲೂ ಕತ್ತರಿಸದೆ, ಈಗಾಗಲೇ ಇರುವ ಕನೆಕ್ಟರಿನ ನಡುವೆ ಕವಲಿನ ಕನೆಕ್ಟರ್ ಸೇರಿಸಿ.

ಫ್ಯೂಸಿನ ಲೆಕ್ಕ ಸರಳ. 5 ವೋಲ್ಟಿಗೆ 2 ಆಂಪಿಯರ್ ಕೊಡುವ ಚಾರ್ಜರ್ ಎಂದರೆ 10 ವ್ಯಾಟ್. 12 ವೋಲ್ಟಿನ ಬ್ಯಾಟರಿಯಿಂದ ಅದು ಎಳೆಯುವುದು ಸುಮಾರು 1 ಆಂಪಿಯರ್. ಆದ್ದರಿಂದ 3 ಆಂಪಿಯರ್ ಫ್ಯೂಸ್ ಸಾಕು, ಅದನ್ನು ಬ್ಯಾಟರಿಗೆ ಆದಷ್ಟು ಹತ್ತಿರ ಹಾಕಬೇಕು. ಫ್ಯೂಸ್ ಇರುವುದು ಚಾರ್ಜರನ್ನು ಕಾಯುವುದಕ್ಕಿಂತ, ವೈರ್ ಎಲ್ಲಾದರೂ ಉಜ್ಜಿ ಚಾಸಿಗೆ ತಾಗಿದಾಗ ಪೆಟ್ರೋಲ್ ಟ್ಯಾಂಕಿನ ಅಡಿಯಲ್ಲಿ ಬೆಂಕಿ ಹೊತ್ತದಂತೆ ತಡೆಯುವುದಕ್ಕೆ. ಜಾಯಿಂಟುಗಳಿಗೆ ಇನ್ಸುಲೇಷನ್ ಟೇಪ್ ಸುತ್ತಿದರೆ ಎಂಜಿನ್ ಬಿಸಿಗೆ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ, ಸ್ಲೀವ್ ಹಾಕಿ. ವೈರನ್ನು ಮೂಲ ವೈರಿಂಗಿನ ಜೊತೆಗೇ ಕೊಂಡೊಯ್ದು ಕೇಬಲ್ ಟೈನಿಂದ ಕಟ್ಟಿ, ಹ್ಯಾಂಡಲನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ ವೈರ್ ಎಳೆಯುತ್ತಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಮೈನಸ್ ಮರುಜೋಡಿಸಿ. ಫೋನ್ ಸಿಕ್ಕಿಸುವ ಹೋಲ್ಡರಿಗೆ ರಬ್ಬರಿನ ಕುಶನ್ ಇರಲಿ. ಬೈಕಿನ ಅದುರು ಫೋನ್ ಕ್ಯಾಮೆರಾವನ್ನು ಕೆಡಿಸಬಹುದೆಂದು 2021ರಲ್ಲಿ ಆಪಲ್ ಕಂಪನಿಯೇ ಎಚ್ಚರಿಸಿದೆ.

ಹಿಂದಿನ ಮಡ್‌ಗಾರ್ಡಿಗೆ ಕೆಂಪು ರಿಫ್ಲೆಕ್ಟರ್ ಟೇಪ್ ಅಂಟಿಸುವುದಕ್ಕೆ ಹೆಚ್ಚಿನ ವಿವರಣೆ ಬೇಡ: ಜಾಗವನ್ನು ಚೆನ್ನಾಗಿ ಒರೆಸಿ, ಒಣಗಿಸಿ, ಅಂಟಿಸಿ.

ಹೆಡ್‌ಲೈಟಿಗೆ ಪ್ರಖರವಾದ ಬಲ್ಬ್ ಹಾಕಬೇಕೆನಿಸುವವರು ಮೊದಲು ಇರುವ ಬೆಳಕು ಎಲ್ಲಿ ಬೀಳುತ್ತಿದೆ ಎಂದು ನೋಡಲಿ. ಸಮತಟ್ಟಾದ ಜಾಗದಲ್ಲಿ ಗೋಡೆಯಿಂದ 5 ಮೀಟರ್ ದೂರದಲ್ಲಿ ಬೈಕ್ ನಿಲ್ಲಿಸಿ, ಮೇಲೆ ಕುಳಿತು ನೇರವಾಗಿ ಹಿಡಿದುಕೊಳ್ಳಿ. ಹೆಡ್‌ಲೈಟಿನ ನಡುಭಾಗದ ಎತ್ತರವನ್ನು ಇನ್ನೊಬ್ಬರು ಗೋಡೆಯ ಮೇಲೆ ಸೀಮೆಸುಣ್ಣದಿಂದ ಗುರುತಿಸಲಿ. ಡಿಮ್ ಬೆಳಕಿನ ಮೇಲಂಚು ಆ ಗುರುತಿಗಿಂತ ಸುಮಾರು 5 ಸೆಂಟಿಮೀಟರ್ ಕೆಳಗೆ ಬೀಳುವಂತೆ ಹೆಡ್‌ಲೈಟಿನ ಸ್ಕ್ರೂ ತಿರುಗಿಸಿ. ದಿನವೂ ಹಿಂದೆ ಒಬ್ಬರನ್ನು ಕೂರಿಸಿಕೊಂಡು ಹೋಗುವವರಾದರೆ, ಅವರನ್ನೂ ಕೂರಿಸಿಕೊಂಡೇ ಇದನ್ನು ಮಾಡಬೇಕು. ಹಿಂಭಾರಕ್ಕೆ ಬೈಕಿನ ಮೂತಿ ಮೇಲೆದ್ದು ಬೆಳಕು ಎದುರಿನವರ ಕಣ್ಣಿಗೆ ಹೊಡೆಯುತ್ತದೆ.