ಮಕ್ಕಳ ಆಶ್ರಮಕ್ಕೆ ನೆರವಾಗುವ ಮುನ್ನ: ಇಲ್ಲಿನ ನೋಂದಣಿ, ಹೊರದೇಶದ ನೋಂದಣಿ

ಬೆಂಗಳೂರಿನ ಬಡಾವಣೆಗಳಲ್ಲಿ ಬಾಡಿಗೆ ಮನೆಯ ಗೇಟಿಗೆ ಮಕ್ಕಳ ಆಶ್ರಮದ ಫಲಕ ಕಟ್ಟಿರುವುದು ಅಪರೂಪವೇನಲ್ಲ. ಹುಟ್ಟುಹಬ್ಬಕ್ಕೆ ಅಲ್ಲಿ ಊಟ ಹಾಕಿಸುವವರು, ಹಿರಿಯರ ತಿಥಿಗೆ ಅಕ್ಕಿ ಬೇಳೆ ಕೊಡಿಸುವವರು, ಲಂಡನ್ನಿನಿಂದಲೋ ನ್ಯೂಜೆರ್ಸಿಯಿಂದಲೋ ತಿಂಗಳು ತಿಂಗಳು ಹಣ ಕಳುಹಿಸುವ ನೆಂಟರು, ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಕೊಡುತ್ತಾರೆ. ಆದರೆ ಆ ಮನೆಯಲ್ಲಿ ಮಕ್ಕಳನ್ನು ಇರಿಸಿಕೊಳ್ಳಲು ಸರ್ಕಾರದ ನೋಂದಣಿ ಇದೆಯೇ ಎಂದು ವಿಚಾರಿಸುವವರು ಕಡಿಮೆ.

ಮೊದಲು ಕೇಳಬೇಕಾದ ಕಾಗದ

ಸಂಸ್ಥೆಯ ಹೆಸರಿನ ಪಕ್ಕದಲ್ಲಿ ‘ರಿ.’ ಎಂದು ಬರೆದಿದ್ದರೆ, ರಸೀದಿ ಪುಸ್ತಕದ ಮೇಲೆ ಒಂದು ಸಂಖ್ಯೆ ಅಚ್ಚಾಗಿದ್ದರೆ ಎಲ್ಲವೂ ಸರಿಯಾಗಿದೆ ಎಂದು ಬಹಳ ಮಂದಿ ಭಾವಿಸುತ್ತಾರೆ. ಆ ಸಂಖ್ಯೆಯನ್ನು ಹತ್ತಿರದಿಂದ ಓದಿ. ಅದರ ನಡುವೆ ‘ಬಿಕೆ–4’ ಎಂದಿದ್ದರೆ, ಅದು ಉಪನೋಂದಣಾಧಿಕಾರಿಗಳ ಕಚೇರಿಯ ನಾಲ್ಕನೇ ಪುಸ್ತಕದಲ್ಲಿ ಟ್ರಸ್ಟ್ ಪತ್ರ ದಾಖಲಾದ ಸಂಖ್ಯೆ. ಟ್ರಸ್ಟ್ ಎಂಬುದೊಂದು ಇದೆ ಎನ್ನುವುದಕ್ಕಷ್ಟೇ ಅದು ಪುರಾವೆ. 12ಎ ಮತ್ತು 80ಜಿ ಪ್ರಮಾಣಪತ್ರಗಳು ಆದಾಯ ತೆರಿಗೆಗೆ ಸಂಬಂಧಿಸಿದವು. ಇವುಗಳಲ್ಲಿ ಯಾವುದೂ ಒಂದೇ ಒಂದು ಮಗುವನ್ನು ಒಂದು ರಾತ್ರಿ ಇರಿಸಿಕೊಳ್ಳುವ ಅಧಿಕಾರವನ್ನೂ ಕೊಡುವುದಿಲ್ಲ.

ಆ ಅಧಿಕಾರ ಬರುವುದು 2015ರ ಬಾಲ ನ್ಯಾಯ ಕಾಯ್ದೆಯ 41ನೇ ಕಲಮಿನಡಿ ನೀಡುವ ನೋಂದಣಿಯಿಂದ. ಸರ್ಕಾರದ ಅನುದಾನ ಪಡೆಯಲಿ, ಬಿಡಲಿ, ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಕ್ಕಳನ್ನು ಇರಿಸಿಕೊಳ್ಳುವ ಪ್ರತಿಯೊಂದು ಸಂಸ್ಥೆಗೂ ಇದು ಕಡ್ಡಾಯ. ನೋಂದಣಿಯ ಅವಧಿ 5 ವರ್ಷ. ಮುಗಿದ ಮೇಲೆ ನವೀಕರಿಸಬೇಕು. ಎಷ್ಟು ಮಕ್ಕಳು, ಯಾವ ಉದ್ದೇಶಕ್ಕೆ ಎಂಬುದನ್ನು ನೋಂದಣಿಯ ಹೊತ್ತಿನಲ್ಲೇ ನಿಗದಿ ಮಾಡಲಾಗುತ್ತದೆ. ಆದ್ದರಿಂದ ಪ್ರಮಾಣಪತ್ರ ತೋರಿಸಿದರೆ ದಿನಾಂಕ ಮತ್ತು ಮಕ್ಕಳ ಸಂಖ್ಯೆಯನ್ನು ನೋಡಿ, ವಿಳಾಸ ನೀವು ನಿಂತಿರುವ ಮನೆಯದ್ದೇ ಎಂಬುದನ್ನೂ ಖಚಿತಪಡಿಸಿಕೊಳ್ಳಿ. ‘ಅರ್ಜಿ ಹಾಕಿದ್ದೇವೆ’ ಎಂಬ ಉತ್ತರ ಬಂದರೆ ಸ್ವೀಕೃತಿ ಪತ್ರದ ದಿನಾಂಕ ಕೇಳಿ. ಅರ್ಜಿ ಪರಿಶೀಲನೆಯಲ್ಲಿರುವಾಗ ಸಿಗುವ ತಾತ್ಕಾಲಿಕ ನೋಂದಣಿಗೆ 6 ತಿಂಗಳಿಗಿಂತ ಹೆಚ್ಚಿನ ಆಯುಷ್ಯವಿಲ್ಲ.

ಮಗು ಅಲ್ಲಿಗೆ ಬಂದ ದಾರಿ

ನನ್ನ ದೃಷ್ಟಿಯಲ್ಲಿ ಪ್ರಮಾಣಪತ್ರದಷ್ಟೇ ಮುಖ್ಯವಾದ ಪ್ರಶ್ನೆ ಇದು. ದಿಕ್ಕಿಲ್ಲದೆ ಸಿಕ್ಕ ಮಗುವನ್ನು ಪ್ರಯಾಣದ ಸಮಯ ಬಿಟ್ಟು 24 ಗಂಟೆಗಳೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು; ಮಗು ಎಲ್ಲಿರಬೇಕು ಎಂದು ತೀರ್ಮಾನಿಸುವುದು ಆ ಸಮಿತಿ. ಬಡತನದಿಂದಾಗಿ ತಾಯಿಯೇ ಕರೆತಂದು ಬಿಟ್ಟರೂ, ಊರಿನ ಪರಿಚಯಸ್ಥರು ‘ಓದಿಸುತ್ತಾರೆ’ ಎಂದು ಕರೆದುಕೊಂಡು ಬಂದರೂ ಸಮಿತಿಯ ಗಮನಕ್ಕೆ ತಾರದೆ ಆಶ್ರಮದವರು ಮಗುವನ್ನು ಸೇರಿಸಿಕೊಳ್ಳುವಂತಿಲ್ಲ. ಅನಾಥರೆಂದು ಪರಿಚಯಿಸಲಾಗುವ ಅನೇಕ ಮಕ್ಕಳಿಗೆ ತಂದೆಯೋ ತಾಯಿಯೋ ಇರುತ್ತಾರೆ ಎಂಬುದನ್ನು ದಾನಿಗಳು ಮರೆಯಬಾರದು. ನೋಂದಣಿಯಿಲ್ಲದ ಮನೆಯಲ್ಲಿ ಮಗುವಿನ ಹೆಸರು ಯಾವ ಸರ್ಕಾರಿ ದಾಖಲೆಯಲ್ಲೂ ಇಲ್ಲದಿರಬಹುದು. 3 ತಿಂಗಳಿಗೊಮ್ಮೆ ಭೇಟಿ ನೀಡಬೇಕಾದ ತಪಾಸಣಾ ಸಮಿತಿಯ ಕಣ್ಣಿಗೂ ಅದು ಬೀಳುವುದಿಲ್ಲ. ನಾಳೆ ಆ ಮಗು ಅಲ್ಲಿ ಕಾಣದಿದ್ದರೆ ಎಲ್ಲಿ ಹೋಯಿತು ಎಂದು ಕೇಳುವವರೇ ಇರುವುದಿಲ್ಲ. ‘ಬೇಕಿದ್ದರೆ ದತ್ತು ಕೊಡುತ್ತೇವೆ’ ಎಂದು ಅಲ್ಲಿ ಯಾರಾದರೂ ಹೇಳಿದರೆ ಅದನ್ನು ಅಪಾಯದ ಸೂಚನೆ ಎಂದೇ ತಿಳಿಯಬೇಕು. ಅನಾಥ ಅಥವಾ ಪರಿತ್ಯಕ್ತ ಮಕ್ಕಳ ದತ್ತು ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರದ ವ್ಯವಸ್ಥೆಯ ಮೂಲಕವೇ ನಡೆಯಬೇಕು.

ಸಂಶಯ ಬಂದಾಗ

ಜಗಳಕ್ಕೆ ಇಳಿಯಬೇಡಿ, ಮಕ್ಕಳ ವಿಡಿಯೊ ಮಾಡಿ ಹಂಚಬೇಡಿ, ಅವರನ್ನು ನೀವೇ ಕರೆದುಕೊಂಡು ಹೊರಡಲೂ ಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ ವಿಳಾಸ ಮತ್ತು ಕಂಡ ಸಂಗತಿಯನ್ನಷ್ಟೇ ತಿಳಿಸಿ; ಬಳಿಕ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ನೋಂದಣಿಯಿಲ್ಲದೆ ಆಶ್ರಮ ನಡೆಸುವವರಿಗೆ 1 ವರ್ಷದವರೆಗೆ ಸೆರೆ, ಇಲ್ಲವೇ 1 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಅರ್ಜಿ ಹಾಕಲು ತಡಮಾಡಿದ ಪ್ರತಿ 30 ದಿನವನ್ನೂ ಪ್ರತ್ಯೇಕ ಅಪರಾಧವೆಂದೇ ಕಾಯ್ದೆ ಎಣಿಸುತ್ತದೆ.

ಹೊರದೇಶದಲ್ಲಿ ಸಂಸ್ಥೆ ಕಟ್ಟುವುದಾದರೆ

ಬ್ರಿಟನ್ನಿನಲ್ಲಿ ನೆಲೆಸಿದ ಕನ್ನಡಿಗರು ಇಲ್ಲಿನ ಮಕ್ಕಳಿಗಾಗಿ ಅಲ್ಲಿಯೇ ದತ್ತಿ ಸಂಸ್ಥೆಯೊಂದನ್ನು ಆರಂಭಿಸಬಯಸಿದರೆ, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅವರು ಹೋಗಬೇಕಾದದ್ದು ಚಾರಿಟಿ ಕಮಿಷನ್ನಿಗೆ. ಮೊದಲು ಕನಿಷ್ಠ ಮೂವರು ಟ್ರಸ್ಟಿಗಳನ್ನು ಗೊತ್ತುಮಾಡಿಕೊಂಡು, ಉದ್ದೇಶ ಮತ್ತು ಸಾರ್ವಜನಿಕ ಪ್ರಯೋಜನವನ್ನು ಸ್ಪಷ್ಟವಾಗಿ ಹೇಳುವ ನಿಯಮಾವಳಿ ಬರೆದು, ಆಮೇಲೆ ಆನ್‌ಲೈನ್‌ನಲ್ಲಿ ಅರ್ಜಿ ಸಲ್ಲಿಸಬೇಕು. ಸಾಮಾನ್ಯವಾಗಿ ವಾರ್ಷಿಕ ಆದಾಯ 5,000 ಪೌಂಡ್ ದಾಟಿದರೆ ನೋಂದಣಿ ಕಡ್ಡಾಯ. ಚಾರಿಟಬಲ್ ಇನ್‌ಕಾರ್ಪೊರೇಟೆಡ್ ಆರ್ಗನೈಸೇಶನ್, ಅಂದರೆ ಸಿಐಒ, ಎಂಬ ಸ್ವರೂಪವನ್ನು ಆರಿಸಿಕೊಂಡರೆ ಆದಾಯ ಎಷ್ಟೇ ಇರಲಿ, ನೋಂದಣಿಯಾದ ಮೇಲೆಯೇ ಸಂಸ್ಥೆಗೆ ಅಸ್ತಿತ್ವ. ಅಮೆರಿಕದಲ್ಲಿ ರಾಜ್ಯ ಮಟ್ಟದಲ್ಲಿ ಲಾಭರಹಿತ ಸಂಸ್ಥೆಯನ್ನು ಸ್ಥಾಪಿಸಿ, 1023ನೇ ನಮೂನೆಯಲ್ಲಿ 501(ಸಿ)(3) ಎಂಬ ತೆರಿಗೆ ವಿನಾಯಿತಿ ಮಾನ್ಯತೆಗೆ ಅಲ್ಲಿನ ತೆರಿಗೆ ಇಲಾಖೆಯಾದ ಐಆರ್‌ಎಸ್‌ಗೆ ಅರ್ಜಿ ಹಾಕುವುದು ರೂಢಿ.

ಈ ಯಾವ ನೋಂದಣಿಯೂ ಬೆಂಗಳೂರಿನ ಆಶ್ರಮದ ಒಳಗನ್ನು ಪರಿಶೀಲಿಸಿ ಕೊಟ್ಟದ್ದಲ್ಲ. ಅಲ್ಲಿನ ಸಂಖ್ಯೆಯನ್ನು ಇಲ್ಲಿನ ಫಲಕದ ಮೇಲೆ ಬರೆಸಿದರೂ 41ನೇ ಕಲಮಿನ ನೋಂದಣಿಗೆ ಅದು ಬದಲಿಯಾಗದು. ಹಣ ಕಳುಹಿಸಿದ ಮೇಲೆ ಅದು ಏನಾಯಿತು, ಮಕ್ಕಳು ಸುರಕ್ಷಿತವಾಗಿದ್ದಾರೆಯೇ ಎಂದು ವಿಚಾರಿಸುವ ಹೊಣೆ ಅಲ್ಲಿನ ಟ್ರಸ್ಟಿಗಳ ಮೇಲೆಯೇ ಇರುತ್ತದೆ.

ಹಣ ಬರುವ ದಾರಿ

ಹೊರದೇಶದ ಸಂಸ್ಥೆ ಕಳುಹಿಸುವ ಹಣ ಪಡೆಯಲು ಇಲ್ಲಿನ ಟ್ರಸ್ಟ್‌ಗೆ 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯಡಿ, ಅಂದರೆ ಎಫ್‌ಸಿಆರ್‌ಎ ಅಡಿ, ನೋಂದಣಿ ಇಲ್ಲವೇ ಪೂರ್ವಾನುಮತಿ ಇರಬೇಕು. ನೋಂದಣಿಗೆ ಸಾಮಾನ್ಯವಾಗಿ 3 ವರ್ಷಗಳ ಅಸ್ತಿತ್ವವೂ ಆ ಅವಧಿಯಲ್ಲಿ ಮೂಲ ಉದ್ದೇಶಕ್ಕಾಗಿ ಮಾಡಿದ ಕನಿಷ್ಠ 15 ಲಕ್ಷ ರೂಪಾಯಿ ವೆಚ್ಚವೂ ಬೇಕು. 2020ರ ತಿದ್ದುಪಡಿಯ ನಂತರ ಹಣ ಮೊದಲು ಬಂದು ಸೇರಬೇಕಾದದ್ದು ದೆಹಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಗೆ. ಅದನ್ನು ಮತ್ತೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಭಾರತೀಯ ಪೌರತ್ವ ಉಳಿಸಿಕೊಂಡ ಅನಿವಾಸಿಗಳು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟದ್ದು ವಿದೇಶಿ ವಂತಿಗೆಯಲ್ಲ. ಪೌರತ್ವ ಬದಲಿಸಿ ಒಸಿಐ ಕಾರ್ಡ್ ಹೊಂದಿದವರು ಕೊಟ್ಟರೆ ಅದು ವಿದೇಶಿ ವಂತಿಗೆಯೇ. ಒಂದೇ ಮನೆಯ ಅಣ್ಣ ತಮ್ಮಂದಿರಿಗೂ ನಿಯಮ ಬೇರೆ ಬೇರೆಯಾಗಬಹುದಾದ್ದರಿಂದ ಹಣ ಕಳುಹಿಸುವ ಮೊದಲೇ ಇದನ್ನು ಖಚಿತಪಡಿಸಿಕೊಳ್ಳಬೇಕು.

ಹೊಸ ಆಶ್ರಮವನ್ನೇ ತೆರೆಯಬೇಕೆಂಬ ಆಸೆಯಿದ್ದವರು ಅದಕ್ಕೂ ಮೊದಲು ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರನ್ನು ಕಂಡು ಪ್ರಾಯೋಜಕತ್ವ ಯೋಜನೆಯ ವಿವರ ಕೇಳುವುದು ಒಳ್ಳೆಯದು. ಕೇಂದ್ರ ಸರ್ಕಾರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದಡಿ ಅರ್ಹ ಮಗುವಿಗೆ ತಿಂಗಳಿಗೆ 4,000 ರೂಪಾಯಿ ನೆರವು ಸಿಗುತ್ತದೆ, ಮಗು ತನ್ನ ಮನೆಯಲ್ಲೇ ಉಳಿಯುತ್ತದೆ. ಸಂಸ್ಥೆಯ ವಾಸ ಕೊನೆಯ ಆಯ್ಕೆಯಾಗಬೇಕು ಎಂಬುದು ಕಾಯ್ದೆಯದೇ ತತ್ವ. ಶಾಲಾ ಶುಲ್ಕ, ಸಂಜೆಯ ಪಾಠ, ತಾಯಿಯ ಚಿಕಿತ್ಸೆಯಂಥ ಖರ್ಚಿಗೆ ದಾನಿಗಳ ಹಣ ಒದಗಿದರೆ ಆಶ್ರಮದ ಬಾಗಿಲಿಗೆ ಬರುವ ಮಕ್ಕಳೇ ಕಡಿಮೆಯಾದಾರು. ಅಂಥ ಕೆಲಸಕ್ಕೆ 41ನೇ ಕಲಮಿನ ನೋಂದಣಿ ಬೇಕಿಲ್ಲ. ಹಣ ಹೊರದೇಶದ ಸಂಸ್ಥೆಯಿಂದ ಬರುವುದಾದರೆ ಎಫ್‌ಸಿಆರ್‌ಎ ಮಾತ್ರ ತಪ್ಪದು.