ಚಾವಿ ಒಳಗೆ, ನೀವು ಹೊರಗೆ: ಅಮೆರಿಕಕ್ಕೆ ಹೊರಟ ನಮ್ಮ ಕಡೆಯವರಿಗೆ

ರಜೆಗೆ ರಾಯಚೂರಿಗೆ ಬಂದು ಹತ್ತು ದಿನ ಆಯಿತು. ದಿನಾ ಸಂಜೆ ಯಾರಾದರೂ ಬಂದು ಕೂರುತ್ತಾರೆ. ಸಿಂಧನೂರಿನ ಹುಡುಗ, ಮಾನ್ವಿಯ ಹೊಸ ಜೋಡಿ, ಲಿಂಗಸುಗೂರಿನ ಮೇಷ್ಟ್ರ ಮಗಳು. ಎಲ್ಲರಿಗೂ ವೀಸಾ ಆಗಿದೆ. ಅಮ್ಮ ಒಗ್ಗರಣೆ ಮಿರ್ಚಿ ಕೊಡುತ್ತಾಳೆ, ನಾನು ಉಪದೇಶ ಕೊಡುತ್ತೇನೆ. ಕುಕ್ಕರ್ ಒಯ್ಯಬೇಕಾ, ಕ್ರೆಡಿಟ್ ಸ್ಕೋರ್ ಅಂದರೇನು, ಶೇಂಗಾ ಚಟ್ನಿ ಬಿಡ್ತಾರಾ ಅಂತ ಕೇಳುತ್ತಾರೆ. ಕಾರಿನ ಚಾವಿ ಒಳಗೇ ಉಳಿದು ಬಾಗಿಲು ಲಾಕ್ ಆದರೆ ಏನು ಮಾಡೋದು ಅಂತ ಇವತ್ತಿನವರೆಗೂ ಒಬ್ಬರೂ ಕೇಳಿಲ್ಲ. ಯಾಕೆ ಕೇಳುತ್ತಾರೆ? ನಮ್ಮೂರಲ್ಲಿ ಅದೊಂದು ಸಮಸ್ಯೆನೇ ಅಲ್ಲ.

ಮೊನ್ನೆಯದೇ ನೋಡಿ. ಮಾವನ ಹಳೇ ಮಾರುತಿ 800 ತಗೊಂಡು ತೀನ್ ಕಂದಿಲ್ ಹತ್ತಿರ ಹೋಗಿದ್ದೆ. ಹನ್ನೆರಡು ವರ್ಷದ ಮಗಳು ಜೊತೆಗಿದ್ದಳು. ಇಳಿದೆ, ಗುಂಡಿ ಒತ್ತಿ ಬಾಗಿಲು ಹಾಕಿದೆ, ಚಾವಿ ಸ್ಟೇರಿಂಗ್ ಕೆಳಗೇ ನೇತಾಡುತ್ತಿತ್ತು. ನಾನು ಗಾಜಿಗೆ ಮುಖ ಹಚ್ಚಿ ನೋಡಿದ್ದಷ್ಟೇ. ಹಣ್ಣಿನ ಗಾಡಿಯವನು "ಏನಾತ್ರಿ?" ಅಂದ. "ಚಾವಿ ಒಳಗ ಉಳದದ" ಅಂದೆ. ಅವನು ಜೆರಾಕ್ಸ್ ಅಂಗಡಿಯವನನ್ನು ಕೂಗಿದ. ಅವನು ಸ್ಟೀಲ್ ಸ್ಕೇಲ್ ತಂದ. ಇನ್ನೊಬ್ಬ ಕಿಟಕಿಯ ರಬ್ಬರ್ ಎತ್ತಿ ಹಿಡಿದ. ಮೂರನೆಯವನು ಸುಮ್ನೆ ನಿಂತು ಸಲಹೆ ಕೊಟ್ಟ, ನಾಲ್ಕನೆಯವನು ಆ ಸಲಹೆ ತಪ್ಪು ಅಂದ. ಆರು ನಿಮಿಷದಲ್ಲಿ ಬಾಗಿಲು ತೆಗೆಯಿತು. ದುಡ್ಡು ಕೊಡಲು ಹೋದರೆ "ಚಾ ಕುಡಿಸ್ರಿ ಸಾಕು" ಅಂದರು.

ಮಗಳು ಮೆಲ್ಲಗೆ ಕೇಳಿದಳು: "ಅಪ್ಪಾ, ಇವರೆಲ್ಲ ನಿನಗೆ ಗೊತ್ತಾ?"

ಒಬ್ಬನೂ ಗೊತ್ತಿರಲಿಲ್ಲ.

ಈ ಅಭ್ಯಾಸವನ್ನು ಒಯ್ದುಕೊಂಡು ನಾನು 2012ರಲ್ಲಿ ಟೆಕ್ಸಾಸ್ ರಾಜ್ಯದ ಡಲ್ಲಾಸ್ ಪಕ್ಕದ ಇರ್ವಿಂಗ್‌ಗೆ ಹೋದೆ. ಹೋದವನು ಮಾಡಿದ ಮೂರ್ಖತನಗಳನ್ನು ಒಂದೊಂದಾಗಿ ಹೇಳುತ್ತೇನೆ. ಲೈಸೆನ್ಸ್, ಇನ್ಶೂರೆನ್ಸ್, ರಿಜಿಸ್ಟ್ರೇಷನ್ ಕಥೆ ಬೇಡ. ಅವೆಲ್ಲ ಸಾಲಿನಲ್ಲಿ ನಿಂತರೆ ಆಗುತ್ತವೆ.

ಮೊದಲ ಕಾರು ಸೆಕೆಂಡ್ ಹ್ಯಾಂಡ್ ಕೊರೊಲ್ಲಾ. ಆಗಸ್ಟ್ ತಿಂಗಳು, ಮಧ್ಯಾಹ್ನ ಎರಡು ಗಂಟೆ, ಕಿರಾಣಿ ಅಂಗಡಿಯ ಪಾರ್ಕಿಂಗ್. ಬಿಸಿಲು ನಮ್ಮ ರಾಯಚೂರಿನ ಮೇ ತಿಂಗಳಂತೆ, ನೆತ್ತಿ ಸುಡುವಂಥದ್ದು. ಚಾವಿ ಸೀಟಿನ ಮೇಲೆ, ಪರ್ಸ್ ಅದರ ಪಕ್ಕದಲ್ಲಿ. ಫೋನ್ ಮಾತ್ರ ಕೈಯಲ್ಲಿತ್ತು. ಗಾಬರಿ ಆಗಲಿಲ್ಲ. ಯಾರಾದರೂ ಬರುತ್ತಾರೆ ಅಂತ ನಿಂತೆ. ಜನ ಬಂದರು, ತಮ್ಮ ತಮ್ಮ ಕಾರು ಹತ್ತಿದರು, ಹೋದರು. ಕಾಲು ಗಂಟೆ ಕಾದು ಪಕ್ಕದ ಡ್ರೈ ಕ್ಲೀನಿಂಗ್ ಅಂಗಡಿಯಿಂದ ಒಂದು ತಂತಿ ಹ್ಯಾಂಗರ್ ತಂದೆ. ಬಾಗಿಸಿ ಕಿಟಕಿ ಸಂದಿಗೆ ತುರುಕಿದೆ. ಊರಲ್ಲಿ ಇಂಥ ಕೆಲಸ ಮಾಡುವವನ ಸುತ್ತ ಜನ ಸೇರುತ್ತಾರೆ. ಅಲ್ಲಿ ದೂರದ ಕಾರೊಂದರಲ್ಲಿ ಕೂತು ಯಾರೋ ನನ್ನನ್ನೇ ನೋಡುತ್ತಿದ್ದರು. ಪಾಪ, ಸಹಾಯಕ್ಕೆ ಬರಲು ನಾಚಿಕೆ ಇರಬೇಕು ಅಂದುಕೊಂಡೆ. ಹತ್ತು ನಿಮಿಷಕ್ಕೆ ಪೊಲೀಸ್ ಕಾರು ಬಂತು.

ಅಧಿಕಾರಿ ಸಭ್ಯವಾಗಿಯೇ ಮಾತಾಡಿದ. ಇದು ನಿಮ್ಮ ಕಾರೇ? ಹೌದು. ಲೈಸೆನ್ಸ್ ತೋರಿಸಿ. ಒಳಗಿದೆ. ರಿಜಿಸ್ಟ್ರೇಷನ್? ಅದೂ ಒಳಗಿದೆ. ನನ್ನ ಕಾರಿಗೆ ನಾನೇ ಕಳ್ಳನಾಗಿ ನಿಂತಿದ್ದೆ. ಕಾರಿನ ನಂಬರನ್ನು ಅವನು ರೇಡಿಯೊದಲ್ಲಿ ಹೇಳಿ, ನನ್ನ ಹೆಸರು ಹುಟ್ಟಿದ ದಿನ ಕೇಳಿ ಹೊಂದಿಸಿ ನೋಡಿ ಬಿಟ್ಟ. ಬೀಗದವರನ್ನು ಕರೆಸಿಕೊಳ್ಳಿ ಅಂದ. ಅಷ್ಟರಲ್ಲಿ ಬಾಗಿಲಿನ ರಬ್ಬರ್ ಹರಿದಿತ್ತು, ಬಣ್ಣ ಕೆರೆದಿತ್ತು. ಆ ಕಾರು ಮಾರುವವರೆಗೂ ಮಳೆ ಬಂದಾಗಲೆಲ್ಲ ನನ್ನ ಎಡ ತೊಡೆ ಒದ್ದೆ ಆಗುತ್ತಿತ್ತು.

ಹ್ಯಾಂಗರ್, ಸ್ಕೇಲ್ ಬೇಡ ಅಂತ ಹೇಳುವುದಕ್ಕೆ ಇನ್ನೊಂದು ಕಾರಣವೂ ಇದೆ. ಮಾರುತಿ 800ರ ಬಾಗಿಲಲ್ಲಿ ಗುಂಡಿಯಿಂದ ಲಾಕಿಗೆ ಒಂದು ಸರಳು ಇರುತ್ತದೆ. ಸ್ಕೇಲಿಗೆ ಅದು ಸಿಕ್ಕರೆ ಕೆಲಸ ಮುಗಿಯಿತು. ಈಗಿನ ಕಾರುಗಳಲ್ಲಿ ಸರಳಿನ ಬದಲು ಕೊಳವೆಯೊಳಗಿನ ಕೇಬಲ್, ಸುತ್ತ ವೈರಿನ ಜಾಲ, ಕೆಲವದರಲ್ಲಿ ಏರ್‌ಬ್ಯಾಗಿಗೆ ಸೇರಿದ ಸೆನ್ಸರ್ ಕೂಡ ಇರುತ್ತವೆ. ಕುರುಡಾಗಿ ಕೈಯಾಡಿಸಿದರೆ ಬಾಗಿಲು ತೆಗೆಯುವುದಿಲ್ಲ, ರಿಪೇರಿ ಬಿಲ್ ಬರುತ್ತದೆ. ಕಲಿತವರು ಬಾಗಿಲ ಸಂದಿಗೆ ಗಾಳಿ ತುಂಬುವ ಸಣ್ಣ ಚೀಲ ಇಟ್ಟು, ಸ್ವಲ್ಪ ಅಗಲಿಸಿ, ಉದ್ದನೆ ಕೋಲು ಹಾಕಿ ಒಳಗಿನ ಬಟನ್ ಒತ್ತುತ್ತಾರೆ. ಎರಡು ನಿಮಿಷದ ಕೆಲಸ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಆ ದಿನ ಅಂಥ ಕಲಿತವನೂ ನನಗೆ ಸಿಗಲಿಲ್ಲ. ಫೋನಿನಲ್ಲಿ ಹುಡುಕಿ ಮೊದಲು ಬಂದ ನಂಬರಿಗೆ ಕರೆ ಮಾಡಿದೆ. "19 ಡಾಲರ್" ಅಂದರು. ಬಂದವನ ಕಾರಿನ ಮೇಲೆ ಹೆಸರಿಲ್ಲ, ಕೈಯಲ್ಲಿ ರಸೀದಿ ಪುಸ್ತಕ ಇಲ್ಲ. ಬಾಗಿಲು ನೋಡಿ ತಲೆ ಅಲ್ಲಾಡಿಸಿದ. ಇದು ವಿಶೇಷ ಲಾಕ್, ಡ್ರಿಲ್ ಮಾಡಬೇಕು, 240 ಡಾಲರ್, ನಗದು. ನಾನು ನಮ್ಮ ಸಂತೆಯಲ್ಲಿ ಬದನೆಕಾಯಿಗೆ ಚೌಕಾಸಿ ಮಾಡುವವನಂತೆ ಶುರು ಮಾಡಿ 160ಕ್ಕೆ ಇಳಿಸಿದೆ. ಗೆದ್ದೆ ಅಂತ ಹೆಂಡತಿಗೆ ಫೋನ್ ಬೇರೆ ಮಾಡಿದೆ. ಮರುದಿನ ಆಫೀಸಿನಲ್ಲಿ ಎಲ್ಲರೂ ನಕ್ಕರು. ಕೊರೊಲ್ಲಾದ ಬಾಗಿಲಿಗೆ ಡ್ರಿಲ್ ಯಾಕಪ್ಪಾ? ಇದು ಹಳೇ ಮೋಸ. ಕಡಿಮೆ ದರ ಹೇಳಿ ಕರೆಸಿಕೊಂಡು, ಬಂದ ಮೇಲೆ ಏರಿಸಿ, ಡ್ರಿಲ್ ಅನ್ನುವವರ ಬಗ್ಗೆ ಗ್ರಾಹಕರ ಹಿತ ಕಾಯುವ ಅಲ್ಲಿನ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ನೇ ಜನರಿಗೆ ಎಚ್ಚರಿಕೆ ಕೊಟ್ಟಿದೆ. ಟೆಕ್ಸಾಸಿನಲ್ಲಿ ಬೀಗದವರಿಗೂ ಲೈಸೆನ್ಸ್ ಬೇಕು. ನಿಮಗೆ ಡ್ರೈವಿಂಗ್ ಲೈಸೆನ್ಸ್ ಕೊಡುವ ಡಿಪಿಎಸ್ ಇಲಾಖೆಯೇ ಅದನ್ನೂ ಕೊಡುತ್ತದೆ. ಫೋನಿನಲ್ಲೇ ಒಟ್ಟು ಎಷ್ಟಾಗುತ್ತದೆ ಅಂತ ಕೇಳಿ, ಬಂದವನ ಲೈಸೆನ್ಸ್ ನೋಡಿ. ಡ್ರಿಲ್ ಅಂದರೆ ಕೈ ಮುಗಿದು ಕಳಿಸಿ. ಅದಕ್ಕಿಂತ ಒಳ್ಳೆಯದು ದಾರಿಯಲ್ಲಿ ಕಾರು ಕೈಕೊಟ್ಟರೆ ಸಹಾಯಕ್ಕೆ ಬರುವ ಟ್ರಿಪಲ್ ಎ ಸಂಘದ ಸದಸ್ಯತ್ವ, ಇಲ್ಲವೇ ನಿಮ್ಮ ಕಾರ್ ಇನ್ಶೂರೆನ್ಸಿಗೇ ರೋಡ್‌ಸೈಡ್ ಸೇವೆ ಸೇರಿಸಿಕೊಳ್ಳುವುದು. ಆ ನಂಬರನ್ನು ಫೋನಿನಲ್ಲಿ ಇಟ್ಟುಕೊಳ್ಳಿ. ನನ್ನ ಹಾಗೆ ಕಾರಿನ ಡ್ರಾಯರಿನಲ್ಲಿ ಇಟ್ಟು ಬೀಗ ಹಾಕಬೇಡಿ.

ಈಗ ಎರಡನೆಯದು. ಇದನ್ನು ಬರೆಯಲು ಇವತ್ತಿಗೂ ಕೈ ತಡೆಯುತ್ತದೆ.

ಮಗಳಿಗೆ ಆಗ ಒಂದೂವರೆ ವರ್ಷ. ಅವಳನ್ನು ಹಿಂದಿನ ಸೀಟಿಗೆ ಕಟ್ಟಿ, ಅಳಬಾರದು ಅಂತ ಆಡಲು ಚಾವಿಯನ್ನೇ ಕೈಗೆ ಕೊಟ್ಟಿದ್ದೆ. ಬಾಗಿಲು ಹಾಕಿ ಈ ಕಡೆ ಸುತ್ತಿ ಬರುವಷ್ಟರಲ್ಲಿ ಟಕ್ ಅಂತ ಸದ್ದಾಯಿತು. ನಾಲ್ಕೂ ಬಾಗಿಲು ಲಾಕ್. ಅವಳು ಒಳಗೆ ನಗುತ್ತಿದ್ದಳು. "ಆ ಬಟನ್ ಒತ್ತು ಪುಟ್ಟಿ" ಅಂತ ನಾನು ಹೊರಗೆ ಕುಣಿಯುತ್ತಿದ್ದೆ. ಅವಳು ಚಾವಿಯನ್ನು ಕೆಳಗೆ ಬೀಳಿಸಿದಳು. ಆಮೇಲೆ ಅಳಲು ಶುರು ಮಾಡಿದಳು.

911ಕ್ಕೆ, ಅಂದರೆ ಅಲ್ಲಿನ ತುರ್ತು ಸಹಾಯದ ನಂಬರಿಗೆ, ಫೋನ್ ಮಾಡು ಅಂದಳು ಹೆಂಡತಿ. ನಾನು ತಡೆದೆ. ನಮ್ಮ ತಲೆಯಲ್ಲಿ ಪೊಲೀಸ್ ಅಂದರೆ ತಕರಾರು, ಠಾಣೆ, ಕಾಗದ. ಕೇಸ್ ಹಾಕಿದರೆ? ವೀಸಾಕ್ಕೆ ತೊಂದರೆ ಆದರೆ? ದೊಡ್ಡ ಬಿಲ್ ಬಂದರೆ? ಹೀಗೆ ಲೆಕ್ಕ ಹಾಕುತ್ತಾ ನಾಲ್ಕು ನಿಮಿಷ ಕಳೆದೆ. ಆ ನಾಲ್ಕು ನಿಮಿಷಕ್ಕೆ ನನಗೆ ನಾನೇ ಇನ್ನೂ ಕ್ಷಮೆ ಕೊಟ್ಟಿಲ್ಲ. ಮುಚ್ಚಿದ ಕಾರಿನೊಳಗೆ ಹತ್ತೇ ನಿಮಿಷದಲ್ಲಿ ಸುಮಾರು 20 ಡಿಗ್ರಿ ಫ್ಯಾರನ್‌ಹೀಟ್ ಏರುತ್ತದೆ, ನಮ್ಮ ಲೆಕ್ಕದಲ್ಲಿ 11 ಡಿಗ್ರಿ ಸೆಲ್ಸಿಯಸ್. ದೊಡ್ಡವರಿಗಿಂತ ಚಿಕ್ಕ ಮಕ್ಕಳ ಮೈ ಮೂರರಿಂದ ಐದು ಪಟ್ಟು ಬೇಗ ಕಾಯುತ್ತದೆ. ಅಮೆರಿಕದಲ್ಲಿ ಕಾದ ಕಾರಿನೊಳಗೆ ವರ್ಷಕ್ಕೆ ಸರಾಸರಿ 37ರಷ್ಟು ಮಕ್ಕಳು ಸಾಯುತ್ತಾರೆ. ಇದೆಲ್ಲ ನಾನು ಓದಿದ್ದು ಆಮೇಲೆ. ರಾಯಚೂರಿನವನಿಗೆ ಬಿಸಿಲಿನ ಬಗ್ಗೆ ಯಾರು ಪಾಠ ಹೇಳಬೇಕು ಅನ್ನುವ ಅಹಂಕಾರ ಇತ್ತು ನೋಡಿ. ನಮ್ಮದು ಮರದ ನೆರಳಿನ ಬಿಸಿಲು. ಕಾರಿನ ಗಾಜಿನೊಳಗೆ ಬೇವಿನ ಮರ ಎಲ್ಲಿದೆ?

ಹೆಂಡತಿ ನನ್ನ ಕೈಯಿಂದ ಫೋನ್ ಕಿತ್ತುಕೊಂಡು ಕರೆ ಮಾಡಿದಳು. ಬಂದದ್ದು ಅಗ್ನಿಶಾಮಕ ವಾಹನ. ಆ ಗಾಳಿ ಚೀಲ, ಆ ಉದ್ದ ಕೋಲು, ಒಂದು ನಿಮಿಷ. ಬಿಲ್ ಬರಲಿಲ್ಲ. ಕೇಸೂ ಇಲ್ಲ. ಒಬ್ಬ ಮಗಳಿಗೆ ಕೆಂಪು ಪ್ಲಾಸ್ಟಿಕ್ ಟೋಪಿ ಕೊಟ್ಟ. ಒಳಗೆ ಮಗು ಇದ್ದರೆ ಬೇರೆ ಯಾರಿಗೂ ಅಲ್ಲ, ಮೊದಲು 911. ಮಗು ಸುಸ್ತಾದಂತೆ ಕಂಡರೆ ಅವರು ಬರುವವರೆಗೂ ಕಾಯಬೇಡಿ. ಮಗುವಿನಿಂದ ದೂರ ಇರುವ ಪಕ್ಕದ ಕಿಟಕಿಯನ್ನು ಮೂಲೆಯಲ್ಲಿ ಹೊಡೆದು ಒಡೆಯಿರಿ. ಮುಂದಿನ ಗಾಜು ಎರಡು ಪದರದ್ದು, ಸುಲಭಕ್ಕೆ ಒಡೆಯುವುದಿಲ್ಲ. ಕೆಲವು ಹೊಸ ಕಾರುಗಳ ಪಕ್ಕದ ಗಾಜೂ ಹಾಗೇ ಇರುತ್ತದೆ.

"ಐದು ನಿಮಿಷ ಹಾಲು ತಂದುಬಿಡ್ತೀನಿ, ಮಗು ಮಲಗಿದೆ" ಅನ್ನುವುದೂ ಬೇಡ. ಟೆಕ್ಸಾಸಿನಲ್ಲಿ ಏಳು ವರ್ಷಕ್ಕಿಂತ ಚಿಕ್ಕ ಮಗುವನ್ನು, 14 ವರ್ಷ ಆದವರು ಯಾರೂ ಜೊತೆಗಿಲ್ಲದೆ, ಐದು ನಿಮಿಷಕ್ಕಿಂತ ಹೆಚ್ಚು ಕಾರಿನಲ್ಲಿ ಬಿಟ್ಟರೆ ಅಪರಾಧ. ಊರಲ್ಲಿ ಮಗುವನ್ನು ಯಾರ ಮಡಿಲಿಗಾದರೂ ಹಾಕಿ ಹೋಗುತ್ತಿದ್ದೆವು. ಅಲ್ಲಿ ಮಡಿಲು ಇಲ್ಲ, ಕಾರ್ ಸೀಟ್ ಇದೆ.

ಮೂರನೆಯದಕ್ಕೆ ನಗಬಹುದು. ಯುಗಾದಿ ಊಟ ಮುಗಿಸಿ ಹೊರಟಿದ್ದೆವು. ಹೊಸ ಕಾರು, ಗುಂಡಿ ಒತ್ತಿದರೆ ಸ್ಟಾರ್ಟ್ ಆಗುವಂಥದ್ದು. ಚಾವಿ ಒಳಗಿದ್ದರೆ ಲಾಕೇ ಆಗಲ್ಲ ಅಂತ ಮಾರಿದವನು ಹೇಳಿದ್ದ. ನಾನು ಚಾವಿ ಇದ್ದ ಚೀಲವನ್ನು ಡಿಕ್ಕಿಯಲ್ಲಿ ಹೋಳಿಗೆಯ ಮೂರು ಸ್ಟೀಲ್ ಡಬ್ಬಿಗಳ ನಡುವೆ ತುರುಕಿದೆ. ಆ ಚಾವಿ ಕಳಿಸುವ ಸಂಕೇತಕ್ಕೆ ಲೋಹ ಅಡ್ಡ ಬಂದರೆ ಕಾರಿಗೆ ಅದು ಒಳಗಿರುವುದೇ ಗೊತ್ತಾಗುವುದಿಲ್ಲ. ಡಿಕ್ಕಿ ಮುಚ್ಚಿತು, ಲಾಕ್ ಆಯಿತು. ಈ ಸಲ ರೋಡ್‌ಸೈಡ್ ನಂಬರ್ ಇತ್ತಲ್ಲ, ಧೈರ್ಯವಾಗಿ ಫೋನ್ ಮಾಡಿದೆ. ಚಾವಿ ಎಲ್ಲಿದೆ ಅಂದಳು ಆಕೆ. "ಬೂಟ್‌ನಲ್ಲಿದೆ" ಅಂದೆ, ನಮ್ಮ ಇಂಡಿಯಾ ಇಂಗ್ಲಿಷಿನಲ್ಲಿ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರ್, ಹಾಗಾದರೆ ಬೂಟ್ ಬಿಚ್ಚಿ ನೋಡಿ" ಅಂದಳು. ಟೆಕ್ಸಾಸಿನಲ್ಲಿ ಬೂಟ್ ಅಂದರೆ ಕಾಲಿಗೆ ಹಾಕುವುದು ಮಾತ್ರ. ಡಿಕ್ಕಿಗೆ ಟ್ರಂಕ್ ಅನ್ನಬೇಕು. ನಮಗೆ ಟ್ರಂಕ್ ಅಂದರೆ ಹಾಸ್ಟೆಲಿಗೆ ಒಯ್ಯುವ ತಗಡಿನ ಪೆಟ್ಟಿಗೆ, ಅಲ್ವಾ?

ಅಂಥ ಚಾವಿಯೊಳಗೆ ಒಂದು ಸಣ್ಣ ಲೋಹದ ಚಾವಿ ಅಡಗಿರುತ್ತದೆ. ಬ್ಯಾಟರಿ ಸತ್ತಾಗ ಅದನ್ನು ಎಳೆದು, ಬಾಗಿಲ ಹಿಡಿಕೆಯಲ್ಲಿ ಇರುವ ತೂತಿಗೆ ಹಾಕಬೇಕು. ತೂತಿನ ಮೇಲೆ ಕೆಲವೊಮ್ಮೆ ಮುಚ್ಚಳ ಇರುತ್ತದೆ. ಅಲಾರಂ ಕೂಗಿದರೆ ಹೆದರಬೇಡಿ. ಚಾವಿಯನ್ನು ಸ್ಟಾರ್ಟ್ ಬಟನ್ನಿಗೇ ತಾಗಿಸಿ ಒತ್ತಿದರೆ ಹೆಚ್ಚಿನ ಕಾರುಗಳು ಎಚ್ಚರಾಗುತ್ತವೆ. ಬ್ಯಾಟರಿ ಬಹಳಷ್ಟರಲ್ಲಿ ಸಿಆರ್ 2032. ಇದು ಗೊತ್ತಿಲ್ಲದೆ ಜನವರಿ ಚಳಿಯಲ್ಲಿ ಕಾರು ಎಳೆಸಿಕೊಂಡು ಹೋದವರು ನಮ್ಮಲ್ಲೇ ಇದ್ದಾರೆ. ಹೆಸರು ಹೇಳಲ್ಲ, ಅವನು ನನ್ನ ಷಡ್ಡಕ. ಫೋನಿನ ಆ್ಯಪ್‌ನಿಂದಲೂ ಎಷ್ಟೋ ಕಾರುಗಳ ಬಾಗಿಲು ತೆಗೆಯಬಹುದು. ಅದನ್ನು ಗಂಡ ಹೆಂಡತಿ ಇಬ್ಬರ ಫೋನಿಗೂ ಹಾಕಿ. ಚಾವಿ ಮರೆಯುವವನು ಫೋನನ್ನೂ ಮರೆಯುತ್ತಾನೆ.

ಆದರೆ ಇದೆಲ್ಲಕ್ಕಿಂತ ಮೊದಲು ಬೇಕಾದದ್ದು ಎರಡನೇ ಚಾವಿ. ಕಾರು ಕೊಳ್ಳುವಾಗ ಒಂದೇ ಕೊಟ್ಟರೆ ಜಗಳ ಮಾಡಿ ಇನ್ನೊಂದು ಮಾಡಿಸಿಕೊಳ್ಳಿ. ಚಿಪ್ ಇರುವ ಚಾವಿ ದುಬಾರಿ. ಎಷ್ಟೋ ಕಾರುಗಳಿಗೆ ಚಿಪ್ ಇಲ್ಲದ ಬರೀ ಲೋಹದ ಚಾವಿ ಅಗ್ಗಕ್ಕೆ ಆಗುತ್ತದೆ. ಅದರಿಂದ ಎಂಜಿನ್ ಶುರುವಾಗುವುದಿಲ್ಲ, ಬಾಗಿಲಂತೂ ತೆಗೆಯುತ್ತದೆ.

ಸರಿ, ಆ ಎರಡನೇ ಚಾವಿ ಎಲ್ಲಿಡುತ್ತೀರಿ? ನಾನು ಏಳು ವರ್ಷ ಮನೆಯೊಳಗೆ ಇಟ್ಟಿದ್ದೆ. ಮನೆ ಚಾವಿ ಕಾರಿನ ಚಾವಿಯ ಗೊಂಚಲಲ್ಲೇ ಇರುತ್ತಿತ್ತು. ಬುದ್ಧಿವಂತಿಕೆ ನೋಡಿ. ಅಮ್ಮ ಇರ್ವಿಂಗ್‌ಗೆ ಬಂದಾಗ ಮೊದಲ ವಾರವೇ ಕೇಳಿದಳು: "ಬಾಜೂ ಮನಿಯಾಗ ಒಂದ್ ಚಾವಿ ಕೊಟ್ಟಿಲ್ಲೇನು?" ನಮ್ಮ ಓಣಿಯಲ್ಲಿ ಎಲ್ಲರ ಚಾವಿ ಎಲ್ಲರ ಮನೆಯ ಮೊಳೆಗೆ ನೇತಾಡುತ್ತಿತ್ತು. ಯಾರೂ ಅದನ್ನು ವಿಶ್ವಾಸ ಅಂತ ಕರೆಯುತ್ತಿರಲಿಲ್ಲ. ನಾನು ಅಮ್ಮನಿಗೆ ಅಲ್ಲಿ ಹಾಗೆಲ್ಲ ಕೊಡುವುದಿಲ್ಲ ಅಂದೆ. ನಿಜ ಏನಂದರೆ, ಕೊಡುವಷ್ಟು ಯಾರ ಪರಿಚಯವೂ ನಾನು ಮಾಡಿಕೊಂಡಿರಲಿಲ್ಲ. ಕನ್ನಡದವರ ಮನೆ ಹತ್ತು ಇದ್ದವು, ಎಲ್ಲವೂ ಅರ್ಧ ಗಂಟೆ ದೂರ. ಪಕ್ಕದ ಮನೆಯವರು ಆರು ಹೆಜ್ಜೆ. ಅವರ ಹೆಸರು ನನಗೆ ಟಪಾಲು ಪೆಟ್ಟಿಗೆಯ ಮೇಲೆ ಓದಿ ಗೊತ್ತಿತ್ತು, ಅಷ್ಟೇ.

ಅಮ್ಮ ಇಂಗ್ಲಿಷ್ ಬರದೆಯೇ ಬೇಲಿ ಮೇಲಿಂದ ಅವರಿಗೆ ಶೇಂಗಾ ಹೋಳಿಗೆ ಕೊಟ್ಟಳು. ಅವರು ಟೊಮೇಟೊ ಕೊಟ್ಟರು. ಅಮ್ಮ ಊರಿಗೆ ಹೋದ ಮೇಲೆ ಒಂದು ದಿನ ನಾನು ನಾಚಿಕೊಂಡೇ ಹೋಗಿ ಚಾವಿ ಕೊಟ್ಟೆ. ಆ ಮುದುಕ ಒಳಗೆ ಹೋಗಿ ತನ್ನ ಕಾರಿನದೊಂದು ತಂದು ನನ್ನ ಕೈಯಲ್ಲಿಟ್ಟ.

ನಿನ್ನೆ ರಾತ್ರಿ ಹನ್ನೊಂದು ಗಂಟೆಗೆ ರಾಯಚೂರಿನಲ್ಲಿ ನನ್ನ ಫೋನ್ ಹೊಡೆದುಕೊಂಡಿತು. ಅಲ್ಲಿ ಮಧ್ಯಾಹ್ನ ಹನ್ನೆರಡೂವರೆ. ಅವನೇ. ಚಾವಿ ಕಾರಿನೊಳಗೆ ಉಳಿದಿದೆ, ಇನ್ನೊಂದು ನಮ್ಮ ಅಡುಗೆಮನೆಯ ಮೊಳೆಯಲ್ಲಿ, ನಾವು ಸುಮಾರು ಒಂಬತ್ತು ಸಾವಿರ ಮೈಲಿ ಈಚೆ ಇದ್ದೇವೆ ಅನ್ನುವುದು ಅವನಿಗೆ ಆಗಷ್ಟೇ ನೆನಪಾಗಿ ತೊದಲುತ್ತಿದ್ದ. ನಮ್ಮ ಮನೆಯ ಗ್ಯಾರೇಜ್ ಬಾಗಿಲು ತೆಗೆಯುವ ನಾಲ್ಕು ಅಂಕಿ ಹೇಳಿದೆ. ಫ್ರಿಜ್ಜಿನ ಬಲಕ್ಕೆ, ಕ್ಯಾಲೆಂಡರ್ ಕೆಳಗೆ ನೋಡು ಅಂದೆ. ಅಂಗಳದಲ್ಲಿ ಮಲಗಿದ್ದ ಅಮ್ಮ ಎದ್ದು ಕೂತಳು.

"ಯಾರಪಾ ಇಷ್ಟೊತ್ತಿನಾಗ?"

"ಬಾಜೂ ಮನಿ ಮುದುಕ, ಅಮ್ಮಾ. ಚಾವಿ ಒಳಗ ಉಳದದಂತ. ನಮ್ಮನಿಯಾಗಿಂದು ತಗೋಳಾಕ ಬಂದಾನ."

"ಸಿಕ್ತೇನು?"

"ಸಿಕ್ತಂತ."

"ಮತ್ತ ಮನಿಗಿ ಬಂದಾನಲ್ಲ, ಚಾ ಕುಡದು ಹೋಗು ಅಂತ ಹೇಳು."